ಸಮತೋಲನದವರ ಹನ್ನೊಂದು ಮಂದಿ

ಬಸ್ ಡಿಪೋದ ಬ್ಯಾಟರಿ ಕೋಣೆಯ ಹಿರಿಯ ಎಲೆಕ್ಟ್ರಿಷಿಯನ್‌ಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು. ಉಳಿದ ಹೊತ್ತಿನಲ್ಲಿ ಅವರು ಎದುರಿಗೆ ಸಮತೋಲನ ಸಾರ್, ಬೆನ್ನ ಹಿಂದೆ ಬರೀ ಸಮತೋಲನ. ಅವರ ಪ್ಯಾಂಟಿನಲ್ಲಿ ಆಸಿಡ್ ತಿಂದ ತೂತುಗಳೂ ಎರಡು ಕಾಲಿಗೆ ಸಮನಾಗಿ ಹಂಚಿಹೋಗಿವೆ ಎಂದು ಕ್ಯಾಂಟೀನಿನವರು ಆಡಿಕೊಳ್ಳುತ್ತಿದ್ದರು.

ಈ ಹೆಸರು ಅಂಟಿದ್ದು ಟೆಸ್ಟ್ ಪಂದ್ಯದಿಂದ. ನಮ್ಮ ಡಿಪೋಗೂ ನದಿಯಾಚೆಯ ಡಿಪೋಗೂ ವರ್ಷಕ್ಕೊಮ್ಮೆ ಪಂದ್ಯ: ಎರಡು ವಾರಾಂತ್ಯ, ಬಿಳಿ ಬಟ್ಟೆ, ಕೆಂಪು ಚೆಂಡು, ಎರಡೆರಡು ಇನಿಂಗ್ಸ್. ಐದನೆಯ ದಿನಕ್ಕೆ ಯಾರೂ ರಜೆ ಕೊಡುವುದಿಲ್ಲವಾದ್ದರಿಂದ ನಾಲ್ಕೇ ದಿನಕ್ಕೆ ಅದನ್ನು ಟೆಸ್ಟ್ ಎಂದು ಕರೆದುಕೊಂಡಿದ್ದೆವು. ತಂಡ ಆರಿಸುವುದು ಸಮತೋಲನದವರ ಹೊಣೆ. ಅವರು ಒಂದು ಕ್ಯಾಚಾದರೂ ಹಿಡಿದದ್ದನ್ನು ಕಂಡವರಿಲ್ಲ. ಆಯ್ಕೆದಾರರಾಗಲು ಅದೇನೂ ಅಡ್ಡಿಯಾಗಲಿಲ್ಲ.

"ತಂಡ ಅಂದ್ರೆ ಬ್ಯಾಟರಿ ಇದ್ದ ಹಾಗೆ ಕಣಯ್ಯ," ಎನ್ನುತ್ತಿದ್ದರು. "ಒಂದು ಸೆಲ್ ಜೋರು, ಒಂದು ಸೆಲ್ ಸಪ್ಪೆ ಆದ್ರೆ ಗಾಡಿ ನಿಂತಲ್ಲೇ ನಿಲ್ಲುತ್ತೆ."

ಆ ವರ್ಷ ಅವರ ಸಮತೋಲನ ಶಿಖರ ಮುಟ್ಟಿತು. ಬ್ಯಾಟರಿ ಕೋಣೆಯ ಕರಿಹಲಗೆಯ ಮೇಲೆ ಐದು ಮಂದಿ ಬ್ಯಾಟ್ಸ್‌ಮನ್‌ಗಳು ಬಂದರು, ಆರಂಭದ ಜೋಡಿಯಲ್ಲಿ ಒಬ್ಬ ಎಡಗೈಯವ. ಮೂವರು ವೇಗಿಗಳು, ಚೆಂಡನ್ನು ಒಳಕ್ಕೆ ತಿರುಗಿಸುವವನೊಬ್ಬ, ಹೊರಕ್ಕೆ ತಿರುಗಿಸುವವನೊಬ್ಬ. ಹನ್ನೊಂದನೆಯದಾಗಿ, ಆಲ್‌ರೌಂಡರ್ ಎಂದು ಡಿಪೋ ಮ್ಯಾನೇಜರ್. ಅವರಿಗೆ ಬ್ಯಾಟಿಂಗ್ ಎಷ್ಟು ಬಾರದೋ ಬೌಲಿಂಗೂ ಅಷ್ಟೇ ಬಾರದು. ಅವರಷ್ಟು ಸಮತೋಲನದ ಆಟಗಾರ ಇನ್ನೊಬ್ಬರಿರಲಿಲ್ಲ.

ಕೈಬಿಟ್ಟದ್ದು ತಮ್ಮ ಭಾಮೈದನನ್ನು. ಟೈರ್ ವಿಭಾಗದ ಆ ಮನುಷ್ಯ ಪಂದ್ಯ ಶುರುವಾದ ವರ್ಷದಿಂದಲೂ ವಿಕೆಟ್ ಹಿಂದೆ ಕೂತು ಏಳುತ್ತಿದ್ದವನು. ಬ್ಯಾಟಿನಿಂದ ಓಟ ಬಂದದ್ದು ಕಡಿಮೆ. "ಭಾಮೈದನಿಗೆ ಸೀಟು ಯಾವಾಗಲೂ ಖಾಯಂ ಅಲ್ವಾ ಸಾರ್?" ಎಂದು ಕ್ಯಾಂಟೀನಿನಲ್ಲಿ ಯಾರೋ ಚುಚ್ಚಿದ್ದರು. ಚುಚ್ಚಿದ್ದು ಸರಿಯಾಗಿ ನಾಟಿ, ಸಮತೋಲನದವರು ಮೊದಲು ಅಳಿಸಿದ್ದೇ ಆ ಹೆಸರನ್ನು.

ಹೆಂಡತಿ ಊಟಕ್ಕೆ ಬಡಿಸುತ್ತ ಕೇಳಿದರು: "ರೀ, ನಲವತ್ತು ತುಂಬಿದವರನ್ನ ಆಡಿಸಲ್ಲ ತಾನೆ ನೀವು? ಅವನಿಗೆ ಬರೋ ತಿಂಗಳು ತುಂಬುತ್ತೆ. ಇದೇ ಕೊನೇ ಪಂದ್ಯ ಅಂತ ಎಷ್ಟು ಆಸೆ ಇಟ್ಕೊಂಡಿದ್ದ."

"ಸಂಬಂಧ ಬೇರೆ, ಆಯ್ಕೆ ಬೇರೆ ಕಣೇ."

"ಹೌದೌದು. ಮ್ಯಾನೇಜರಿಗೂ ನಿಮ್ಮ ಬಡ್ತಿಗೂ ಯಾವ ಸಂಬಂಧಾನೂ ಇಲ್ಲ," ಎಂದು ಆಕೆ ಸಾರಿನ ಪಾತ್ರೆಯನ್ನು ಅವರ ಕೈಗೆಟುಕದಷ್ಟು ದೂರ ಇಟ್ಟರು.

ಪಂದ್ಯದ ಬೆಳಿಗ್ಗೆ ನಮ್ಮ ನಾಯಕ, ಎಕ್ಸ್‌ಪ್ರೆಸ್ ಬಸ್ಸಿನ ಚಾಲಕ, ಟಾಸ್ ಗೆದ್ದು ಬೌಲಿಂಗ್ ಆರಿಸಿಕೊಂಡ. ವೇಗಿ ಓಡಿಬರಲು ಅಳತೆ ಹಾಕಿ ತಿರುಗಿದವನು ಹಾಗೇ ನಿಂತ.

"ಲೇ, ಹಿಂದೆ ಯಾರೂ ಇಲ್ವಲ್ಲೋ!"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದೂ ಮಂದಿ ಇದ್ದರು, ವಿಕೆಟ್ ಕೀಪರ್ ಇರಲಿಲ್ಲ. ಪಿಚ್ಚಿನಲ್ಲಿ ಸ್ಟಂಪುಗಳಿರುವಷ್ಟೇ ಸಹಜವಾಗಿ ಅವುಗಳ ಹಿಂದೆ ಭಾಮೈದ ಇರುತ್ತಿದ್ದ. ಸ್ಟಂಪನ್ನು ಯಾರಾದರೂ ಆಯ್ಕೆ ಮಾಡುತ್ತಾರೆಯೆ? ಎಡ ಬಲ, ಒಳ ಹೊರ ಎಲ್ಲ ತೂಗಿದವರಿಗೆ ಹಿಂದೆ ಎಂಬ ದಿಕ್ಕೇ ಹೊಳೆದಿರಲಿಲ್ಲ. ಸಾಲದ್ದಕ್ಕೆ ಡಿಪೋದಲ್ಲಿದ್ದ ಒಂದೇ ಜೊತೆ ಗ್ಲೌಸೂ ಅವನದೇ.

ಭಾಮೈದ ಬೇಲಿಯ ಪಕ್ಕ ಬಿಳಿ ಬಟ್ಟೆಯಲ್ಲೇ ಕೂತಿದ್ದ. ಗ್ಲೌಸು ಮಡಿಲಲ್ಲಿತ್ತು, ಹೊಸದಾಗಿ ಎಣ್ಣೆ ಕಂಡಿತ್ತು. ಸಮತೋಲನದವರು ಏದುಸಿರು ಬಿಡುತ್ತ ಓಡಿಬಂದರು.

"ನಿನಗೆ ಮೊದಲೇ ಗೊತ್ತಿತ್ತೇನೋ?"

"ಹಲಗೆ ನೋಡಿದ ದಿನವೇ ಭಾವ."

"ಹೇಳೋಕೇನಾಗಿತ್ತು ನಿನಗೆ?"

"ನಾನು ಹೇಳಿದ್ರೆ ಸೀಟಿಗೋಸ್ಕರ ಹೇಳ್ದ ಅಂತಿದ್ರಿ. ನಿಮಗೇ ತಿಳೀಲಿ ಅಂತ ಕಾಯ್ತಾ ಇದ್ದೆ. ಟಾಸ್ ಆದ್ಮೇಲೆ ತಿಳಿಯುತ್ತೆ ಅಂದ್ಕೊಂಡಿರಲಿಲ್ಲ."

ನದಿಯಾಚೆಯ ನಾಯಕ ಹೊಟ್ಟೆ ಹಿಡಿದು ನಕ್ಕು, ಮೊದಲ ಚೆಂಡು ಬೀಳುವ ಮುಂಚೆ ಒಬ್ಬರನ್ನು ಬದಲಿಸಿಕೊಳ್ಳಿ ಎಂದ. ಹಾಗಾದರೆ ಹೊರಗೆ ಹೋಗುವವರು ಯಾರು? ಎಡಗೈಯವನನ್ನು ತೆಗೆದರೆ ಜೋಡಿ ಕೆಡುತ್ತದೆ, ಸ್ಪಿನ್ನರ್ ಹೋದರೆ ಒಳಕ್ಕೆ ಹೊರಕ್ಕೆ ಲೆಕ್ಕ ತಪ್ಪುತ್ತದೆ. ಯಾರನ್ನು ತೆಗೆದರೆ ಏನೂ ಕೆಡುವುದಿಲ್ಲ ಎಂಬುದು ಮೈದಾನಕ್ಕೆಲ್ಲ ಗೊತ್ತಿತ್ತು. ಗೊತ್ತಿಲ್ಲದಂತೆ ಮೋಡ ನೋಡುತ್ತಿದ್ದವರು ಆಯ್ಕೆದಾರರೊಬ್ಬರೇ. ಭಾಮೈದ ಗ್ಲೌಸನ್ನು ಚೀಲಕ್ಕೆ ತುಂಬತೊಡಗಿದ.

"ಇರಲಿ ಬಿಡಿ ಭಾವ. ನಿಮಗ್ಯಾಕೆ ಕಷ್ಟ."

ಚೀಲದ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು. ಅವನು ಅದರ ಜೊತೆ ಗುದ್ದಾಡುತ್ತಿರುವುದನ್ನು ನೋಡಲಾಗದೆ ಸಮತೋಲನದವರು ಮಿಡ್ ಆಫ್‌ನಲ್ಲಿದ್ದ ಮ್ಯಾನೇಜರ್ ಬಳಿಗೆ ನಡೆದರು.

"ಸಾರ್, ಬಿಸಿಲು ಜೋರಾಗಿದೆ. ನೆರಳಲ್ಲಿ ಕುರ್ಚಿ ಹಾಕಿಸ್ಲಾ?"

"ಅಂದ್ರೆ? ನಾನು ಹೊರಗಾ?"

"ನಿಮ್ಮ ಜಾಗದಲ್ಲಿ ಯಾರು ನಿಂತ್ರೂ ನಡೆಯುತ್ತೆ ಸಾರ್," ಎಂದರು ಸಮತೋಲನ, ದನಿ ಸಣ್ಣದಾಗಿತ್ತು. "ಅವನ ಜಾಗದಲ್ಲಿ ನಡೆಯಲ್ಲ."

ಆಯ್ಕೆದಾರರಾಗಿ ಅವರು ಆಡಿದ ಮೊದಲ ನಿಜವಾದ ಮಾತು ಅದು. ಬಡ್ತಿಯ ವಿಚಾರ ಮತ್ತೆ ಏಳಲೇ ಇಲ್ಲ.

ಪಂದ್ಯ ಡ್ರಾ ಆಯಿತು. ಭಾಮೈದ ಎರಡು ಇನಿಂಗ್ಸಿನಲ್ಲೂ ಸೊನ್ನೆಗೆ ಔಟಾದ. ವಿಕೆಟ್ ಹಿಂದೆ ಮಾತ್ರ ಏನನ್ನೂ ಕೈಬಿಡಲಿಲ್ಲ. ಅವನ ಅಕ್ಕ ಸಾರಿನ ಪಾತ್ರೆಯನ್ನು ಮತ್ತೆ ಹತ್ತಿರಕ್ಕಿಟ್ಟರು.

ಮರುವರ್ಷ ಸಮತೋಲನದವರು ಹಲಗೆ ಒರೆಸಿ, ಎಲ್ಲಕ್ಕಿಂತ ಮೇಲೆ, ಆರಂಭಿಕರಿಗೂ ಮೊದಲು, "ಕೀಪರ್" ಎಂದು ದಪ್ಪಗೆ ಬರೆದರು. ಭಾಮೈದನಿಗೆ ನಲವತ್ತು ತುಂಬಿತ್ತು. ಅದರ ಮುಂದೆ ಇನ್ಯಾರ ಹೆಸರು ಬರೆಯುವುದೆಂದು ತೋಚದೆ, ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಅವನನ್ನೇ ಕೇಳಲು ಟೈರ್ ವಿಭಾಗದ ಕಡೆ ಹೊರಟರು.