ಹೆಜ್ಜೆ ನೋಡಿದವನ ಪಾಲು

ನಮ್ಮಪ್ಪ ಬೇಟೆಗೆ ಹೋಗುತ್ತಿದ್ದರು, ಆದರೆ ಕೋವಿ ಹಿಡಿದವರಲ್ಲ. ಕಾರ್ಕಳದಿಂದ ಆಚೆ, ಘಟ್ಟದ ಬುಡದ ನಮ್ಮೂರಲ್ಲಿ ಅವರ ಪಾಲಿಗೆ ಬಂದ ಕೆಲಸ ಹೆಜ್ಜೆ ನೋಡುವುದು. ಮಣ್ಣಿನ ಗುರುತು ನೋಡಿ ಇದು ಕಡವೆಯೋ ಕಾಡುಕುರಿಯೋ, ಈಗ ಹೋದದ್ದೋ ನಿನ್ನೆ ಹೋದದ್ದೋ, ಒಂಟಿಯೋ ಮರಿ ಜೊತೆಗಿದೆಯೋ ಎಂದು ಹೇಳುತ್ತಿದ್ದರು. ಕೋವಿಯವರು ಅವರ ಹಿಂದೆ ನಡೆಯುತ್ತಿದ್ದರು. ಪ್ರಾಣಿ ಬಿದ್ದ ಮೇಲೆ ಪಾಲು ಹಾಕುವಾಗ ಒಂದು ಮುಂಗಾಲನ್ನು ಹೆಜ್ಜೆ ನೋಡಿದವನಿಗೆಂದು ಮೊದಲೇ ತೆಗೆದಿಡುವುದು ಅಲ್ಲಿನ ಕ್ರಮ. ಮುಂದೆ ಕಾನೂನು ಬಿಗಿಯಾಗಿ ಬೇಟೆ ನಿಂತಿತು. ಹೆಜ್ಜೆ ನೋಡುವ ಚಟ ಮಾತ್ರ ಅಪ್ಪನಿಂದ ಹೋಗಲಿಲ್ಲ. ಹೋಗುವಾಗ ಅದನ್ನು ನನಗೆ ಅಂಟಿಸಿ ಹೋದರು.

ಸೌದಿಯ ಯಾನ್ಬುವಿನ ಒಂದು ಪ್ಲಾಂಟಿನಲ್ಲಿ ನಾನು ಟೆಕ್ನಿಷಿಯನ್ ಆಗಿ ಹನ್ನೊಂದು ವರ್ಷವಾಯಿತು. ಗೇಜು, ವಾಲ್ವು, ಬಿಸಿ ಗಾಳಿ. ಇಲ್ಲಿ ಹೆಜ್ಜೆ ನೋಡುವ ವಿದ್ಯೆ ಯಾರಿಗೆ ಬೇಕು? ಒಮ್ಮೆ ಹಿಂದಿನ ಬೇಲಿಯ ಹತ್ತಿರ ಅಂದಿನ ಕೆಲಸದ ಪರ್ಮಿಟ್ಟಿಗೆ ಕಾಯುತ್ತ ಕುಕ್ಕರಗಾಲಲ್ಲಿ ಕೂತು ಮರಳು ನೋಡುತ್ತಿದ್ದೆ. ಗೇಟಿನ ಕಾವಲಿನ ಸೌದಿ ಹಿರಿಯರೊಬ್ಬರು ಅನುಮಾನದಿಂದಲೇ ಬಂದರು. ಬೇಲಿಯ ಬುಡದಲ್ಲಿ ಏನು ಹುಡುಕುತ್ತಿದ್ದೀಯ ಎಂದು ಕೇಳಿದರು. ನರಿ, ಹಿಂದಿನ ಎಡಗಾಲು ಕುಂಟು, ಬೆಳಗಿನ ಗಾಳಿ ನಿಂತ ಮೇಲೆ ಹೋಗಿದೆ ಎಂದು ನನಗೆ ಬರುವ ಮುರುಕು ಅರಬಿಯಲ್ಲಿ ಹೇಳಿದೆ. ಅವರು ತಾವೂ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕು, ಅದು ನಿಜ, ಆ ಕುಂಟನಿಗೆ ನಾನೇ ಅನ್ನ ಹಾಕುವುದು ಎಂದರು. ಅಂದಿನಿಂದ ನಾನು ಅವರಿಗೆ ಸದೀಕ್, ಎಂದರೆ ಗೆಳೆಯ. ಅವರು ನನಗೆ ಬಾಯಲ್ಲಿ 'ಯಾ ಅಮ್', ಚಿಕ್ಕಪ್ಪ. ಮನಸ್ಸಿನಲ್ಲಿ ಮಾತ್ರ ಅಜ್ಜ.

ಅಜ್ಜ ನಿವೃತ್ತರಾಗಿ ಯಾನ್ಬುವಿನ ಪೂರ್ವದ ಬೆಟ್ಟಗಳ ಕಡೆ, ತಮ್ಮ ಆಡುಗಳ ಹತ್ತಿರ ಹೋಗಿಬಿಟ್ಟರು. ಒಂದು ದಿನ ಫೋನ್ ಬಂತು. ಶುಕ್ರವಾರ ಬಾ, ನಿನ್ನ ಕಣ್ಣು ಬೇಕು ಎಂದರು. ಹೋದೆ. ಡಾಂಬರು ಮುಗಿದ ಮೇಲೂ ಒಂದು ಗಂಟೆ ಕಲ್ಲಿನ ಮೇಲೆ ಅವರ ಹಳೆಯ ಪಿಕಪ್ ಕುಣಿಯಿತು. ಎರಡೂ ಕಡೆ ಸುಟ್ಟ ಬಣ್ಣದ ಬೆಟ್ಟ, ನಡುವೆ ಒಣಗಿದ ಹಳ್ಳ, ಅಲ್ಲಲ್ಲಿ ಜಾಲಿ. ಅಲ್ಲೊಂದು ಚಪ್ಪಟೆ ಕಪ್ಪು ಬಂಡೆಯ ಮೇಲೆ ನನ್ನನ್ನು ಕೂರಿಸಿ ಬೈನಾಕ್ಯುಲರ್ ಕೊಟ್ಟರು. ಎದುರಿನ ಇಳಿಜಾರಿನಲ್ಲಿ ನಾಲ್ಕು ಜಿಂಕೆಗಳಿದ್ದವು. ಅರಬರು ಗಝಾಲ್ ಎನ್ನುವ ಈ ಜಿಂಕೆ ನಮ್ಮ ಚುಕ್ಕೆ ಜಿಂಕೆಗಿಂತ ಚಿಕ್ಕದು, ಕಾಲು ಕಡ್ಡಿಯಂತೆ, ನಿಂತರೆ ಕಲ್ಲಿನಲ್ಲಿ ಕಲ್ಲು.

ಅಜ್ಜನಿಗೆ ಅವು ಕಾಣುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿನ್ನುತ್ತಿತ್ತು. ಬಂಡಿ ಓಡಿಸುವಷ್ಟು ಕಾಣುತ್ತದೆ ಎಂದು ಅವರು ಹೇಳುತ್ತಿದ್ದರು, ನನಗೆ ಅದರಲ್ಲೂ ನಂಬಿಕೆಯಿರಲಿಲ್ಲ. ಪ್ರಾಯದಲ್ಲಿ ಇದೇ ಬೆಟ್ಟಗಳಲ್ಲಿ ಅವರು ಓಡುವ ಬಂಡಿಯಿಂದ ಜಿಂಕೆ ಹೊಡೆದವರು. ಎಷ್ಟು ಎಂದು ಕೇಳಿದರೆ ಕೈ ಬೀಸಿಬಿಡುತ್ತಿದ್ದರು. ಒಂದೂ ಉಳಿಯಲಿಲ್ಲ ಎಂದುಕೊಂಡಿದ್ದರಂತೆ. ಮುದಿತನದಲ್ಲಿ ಆಡು ಹುಡುಕಲು ಹೋದಾಗ ಈ ನಾಲ್ಕು ಸಿಕ್ಕಿದವು. ಬಂಡೆಯ ಹೊಂಡಕ್ಕೆ ಅವರು ತಾವೇ ನೀರು ಹೊತ್ತು ಹಾಕುತ್ತಿದ್ದರು. "ಇವು ಉಳಿದರೆ ನಾನು ಸಾಯುವಾಗ ಹೇಳಿಕೊಳ್ಳಲು ಒಂದು ಮಾತು ಇರುತ್ತದೆ, ಸದೀಕ್. ಯಾರಿಗೂ ಗೊತ್ತಿಲ್ಲ. ನನಗೆ, ನನ್ನ ತಮ್ಮನ ಮಗನಿಗೆ, ಇನ್ನು ನಿನಗೆ," ಎಂದರು.

ಹಾಗೆ ಶುಕ್ರವಾರಗಳು ಶುರುವಾದವು. ಬೆಳಗ್ಗೆ ಹೋಗುವುದು, ಜುಮ್ಮಾ ನಮಾಜಿಗೆ ಮೊದಲು ಮರಳುವುದು. ನಾನು ಹೆಜ್ಜೆ, ಹಿಕ್ಕೆ, ಕಚ್ಚಿದ ಜಾಲಿ ತುದಿ ನೋಡಿ ಹೇಳುವುದು, ಅವರು ತಲೆಯಾಡಿಸುವುದು. ಒಂದು ಹೆಣ್ಣಿನ ಎಡ ಮುಂಗಾಲಿನ ಗೊರಸು ಹೊರ ಅಂಚಿನಲ್ಲಿ ಮುರಿದಿತ್ತು. ಅದರ ಗುರುತು ನೂರು ಹೆಜ್ಜೆಗಳ ನಡುವೆಯೂ ಗೊತ್ತಾಗುತ್ತಿತ್ತು. ಚಳಿಗಾಲ ಕಳೆಯುವಾಗ ಆ ಮುರುಕು ಗೊರಸಿನ ಪಕ್ಕದಲ್ಲಿ ಬೆರಳುಗುರಿನಷ್ಟು ಎರಡು ಪುಟ್ಟ ಗುರುತುಗಳು ಕಂಡವು. ಮರಿ, ಎಂದೆ. ಅಜ್ಜ ಆ ನೆಲದ ಹತ್ತಿರ ಮುಖ ತಂದು ಬೆರಳಿನಿಂದ ತಡವಿದರು. ಅವರ ಗಡ್ಡ ಒದ್ದೆಯಾಗಿದ್ದನ್ನು ನಾನು ನೋಡದ ಹಾಗೆ ಮಾಡಿದೆ.

ಬೆಟ್ಟ ಇಳಿದ ಮೇಲೆ ಅವರ ಗುಡಾರದಲ್ಲಿ ಏಲಕ್ಕಿ ಹಾಕಿದ ಹಳದಿ ಕಾಫಿ ಮತ್ತು ಖರ್ಜೂರ. ಹಿಡಿಯಿಲ್ಲದ ಪುಟ್ಟ ಬಟ್ಟಲಿನ ತಳಕ್ಕೆ ಎರಡು ಗುಟುಕು ಮಾತ್ರ ಹಾಕುತ್ತಿದ್ದರು. ಮೊದಲ ದಿನ ನಾನು ತಮಾಷೆಗೆ, ನಮ್ಮಲ್ಲಿ ಇಷ್ಟೇ ಹಾಕಿಕೊಟ್ಟರೆ ನೆಂಟರು ಮುನಿಸಿಕೊಂಡು ಎದ್ದು ಹೋಗುತ್ತಾರೆ ಎಂದಿದ್ದೆ. ಅಜ್ಜ ಗಂಭೀರವಾಗಿಯೇ ವಿವರಿಸಿದರು. ಸ್ವಲ್ಪ ಹಾಕಿದರೆ ಕೂತಿರು, ಮತ್ತೆ ಹಾಕುತ್ತೇನೆ ಎಂದು. ಬಟ್ಟಲು ತುಂಬಿಸಿದರೆ ಕುಡಿದು ಹೊರಡು ಎಂದು. ಅವರ ಪೂರ್ತಿ ಬದುಕಿನಲ್ಲಿ ಒಬ್ಬನಿಗೆ ಮಾತ್ರ ಹಾಗೆ ತುಂಬಿಸಿದ್ದರಂತೆ. ಯಾರಿಗೆ ಎಂದು ಹೇಳಲಿಲ್ಲ.

ಇನ್ನು ನನ್ನ ಗುಣ ಹೇಳಬೇಕು. ನನಗೆ ಸಿಟ್ಟು ಜಾಸ್ತಿ, ಜಂಬ ಅದಕ್ಕಿಂತ ಜಾಸ್ತಿ. ಯಾರಾದರೂ ಹೊಗಳಿದರೆ ಬಾಯಿ ನನ್ನ ಹಿಡಿತದಲ್ಲಿ ಇರುವುದಿಲ್ಲ. ಯಾನ್ಬು ಪೇಟೆಯಲ್ಲಿ ನನಗೊಬ್ಬ ಭಟ್ಕಳದ ಗೆಳೆಯನಿದ್ದಾನೆ. ಟೆಂಟು, ಐಸ್ ಪೆಟ್ಟಿಗೆ, ಮಡಚುವ ಕುರ್ಚಿ ಮಾರುವ ಅಂಗಡಿ ಅವನದು. ಊಟಕ್ಕೆ ಕರೆದರೆ ಮೀನು ಸಾರು ಬಡಿಸಿ ಕೈ ತೊಳೆಯುವ ತನಕ ಬಿಡುವವನಲ್ಲ, ಒಳ್ಳೆಯವನು. ಒಂದು ಸಂಜೆ ಅವನು ಕೇಳಿದ.

"ಎಂತ ಮಾರಾಯ, ಪ್ರತಿ ಶುಕ್ರವಾರ ನಾಪತ್ತೆ ಆಗ್ತೀಯಲ್ಲ? ಎಲ್ಲಿ ಹೋಗುದು ನೀನು?"

ನಾನು ಫೋನಿನಲ್ಲಿ ತಾಯಿ ಮತ್ತು ಮರಿಯ ವಿಡಿಯೋ ತೋರಿಸಿದೆ. ಅವನು ಬಾಯಿ ಬಿಟ್ಟು ನೋಡಿದ. ಇಷ್ಟು ವರ್ಷ ಇಲ್ಲಿದ್ದೂ ನಾನು ಒಂದು ಜಿಂಕೆಯನ್ನೂ ನೋಡಲಿಲ್ಲ, ನೀನು ದೊಡ್ಡ ಜನ ಮಾರಾಯ ಎಂದ. ಅಷ್ಟು ಸಾಕಾಯಿತು. ಅಪ್ಪನ ಕತೆ, ಹೆಜ್ಜೆಯ ಕತೆ, ಮುಂಗಾಲಿನ ಪಾಲಿನ ಕತೆ ಎಲ್ಲ ಹೇಳಿದೆ. ಅವನು, ತನ್ನ ಮಕ್ಕಳಿಗೆ ಒಮ್ಮೆ ತೋರಿಸಬೇಕಿತ್ತು ಎಂದ. ನಾನು ಅಲ್ಲೇ, ಆ ಕುರ್ಚಿಯಲ್ಲೇ ಕೂತು, ಕಪ್ಪು ಬಂಡೆಯ ಲೊಕೇಶನ್ ಅವನಿಗೆ ಕಳಿಸಿದೆ.

ಗಲ್ಫಿನಲ್ಲಿ ಇರುವವರಿಗೆ ಇದು ಉಸಿರಾಟದಷ್ಟು ಸಹಜ. ನಮಗೆ ಇಲ್ಲಿ ಬೀದಿಯ ಹೆಸರು, ಮನೆಯ ನಂಬರು ಬಾಯಿಗೆ ಬರುವುದಿಲ್ಲ. ಊಟಕ್ಕೆ ಕರೆದರೆ ಲೊಕೇಶನ್, ಸಿಲಿಂಡರ್ ತರಿಸಿದರೆ ಲೊಕೇಶನ್, ಸತ್ತವರ ಮನೆಗೆ ಹೋಗಲೂ ಲೊಕೇಶನ್. ಬಂದದ್ದನ್ನು ಮುಂದಿನವನಿಗೆ ತಳ್ಳುವುದೂ ಅಷ್ಟೇ ಸಹಜ. ಕಳಿಸುವಾಗ ನನ್ನ ಹೆಬ್ಬೆರಳು ಒಂದು ಕ್ಷಣವೂ ಹಿಂಜರಿಯಲಿಲ್ಲ. ಯಾರಿಗೂ ಗೊತ್ತಿಲ್ಲ ಎಂದ ಅಜ್ಜನ ಮಾತು ನೆನಪಾದದ್ದು ಎರಡು ವಾರ ಕಳೆದ ಮೇಲೆ.

ಅಂದು ಬುಧವಾರ. ಗೆಳೆಯ ನನ್ನ ರೂಮಿಗೆ ಬಂದ. ಕೈಯಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲ, ಮುಖದಲ್ಲಿ ನಗು.

"ನನ್ನ ಅಂಗಡಿಗೆ ಬರುವ ಹಳೆ ಗಿರಾಕಿ ಒಬ್ಬ ಕೊಟ್ಟದ್ದು. ಜಾಗ ತೋರಿಸಿದವನಿಗೆ ಅಂತ. ನಿನ್ನ ಅಪ್ಪನಿಗೆ ಕಾಲು ಕೊಡ್ತಿದ್ರು ಅಂತ ನೀನು ಹೇಳಿದ್ದೆ ಅಲ್ಲ, ಅದನ್ನು ನಾನು ಅವನಿಗೆ ಸುಮ್ಮನೆ ತಮಾಷೆಗೆ ಹೇಳಿದ್ದು. ನೆನಪಿಟ್ಟುಕೊಂಡಿದ್ದಾನೆ ನೋಡು."

ಮಂಜುಗಟ್ಟಿದ ಕಾಲು. ಕೆಳಗಿನ ಚರ್ಮ ಹಾಗೇ ಇತ್ತು, ಗೊರಸೂ ಇತ್ತು. ಎಡ ಮುಂಗಾಲು. ಹೊರ ಅಂಚು ಮುರಿದಿತ್ತು.

ನಾನು ಏನು ಹೇಳಿದೆನೋ ನೆನಪಿಲ್ಲ. ಗೆಳೆಯನ ನಗು ಇಳಿದದ್ದು ನೆನಪಿದೆ. "ನೋಡಲಿಕ್ಕೆ ಹೋಗ್ತಾರೆ ಅಂತ ಲೊಕೇಶನ್ ಕಳಿಸಿದ್ದು ಮಾರಾಯ, ಹೊಡಿತಾರೆ ಅಂತ ಯಾರಿಗೆ ಗೊತ್ತು," ಎಂದ. ಆಮೇಲೆ ದನಿ ತಗ್ಗಿಸಿ, "ಇದನ್ನು ಎಲ್ಲಾದರೂ ಬಿಸಾಡು. ಸಿಕ್ಕಿಬಿದ್ದರೆ ನಿನ್ನ ಇಕಾಮಾ ಹೋಗ್ತದೆ, ನನ್ನ ಅಂಗಡಿಯೂ ಹೋಗ್ತದೆ," ಎಂದು ಹೊರಟ. ಇಕಾಮಾ ಹೋದರೆ ಈ ದೇಶದಲ್ಲಿ ಇರುವ ಪರವಾನಗಿಯೇ ಹೋದಂತೆ. ಅವನ ಮೇಲೆ ಕೂಗಾಡಬೇಕೆಂದಿತ್ತು. ಕೂಗಲು ನನಗೆ ಮುಖವಿರಲಿಲ್ಲ. ಕಾಲನ್ನು ಫ್ರೀಝರಿನ ಅಡಿಯಲ್ಲಿ, ಬಟಾಣಿ ಪ್ಯಾಕೆಟ್ಟಿನ ಕೆಳಗೆ ತುರುಕಿದೆ.

ಗುರುವಾರ ಅಜ್ಜನ ಫೋನ್ ಬಂತು. ಹೊಂಡದ ಹತ್ತಿರ ಹದ್ದು ಕೂಗುತ್ತಿವೆ, ನನಗೆ ಏನೂ ಕಾಣುವುದಿಲ್ಲ, ನಾಳೆ ಬಂದು ನೆಲ ಓದಿ ಹೇಳು ಎಂದರು.

ಹೋದೆ. ಹೋಗದಿರಲು ಜ್ವರ, ಓವರ್‌ಟೈಮ್ ಎಂದು ನೂರು ನೆಪ ಹೊಳೆದಿತ್ತು. ಕಣಿವೆಯಲ್ಲಿ ಇಳಿದಾಗ ಅಜ್ಜ ನನ್ನ ಭುಜ ಹಿಡಿದುಕೊಂಡು ನಡೆದರು. ನಾನು ಓದಿದೆ. ಒಂದು ಬಂಡಿ, ಅಗಲ ಟಯರು. ಮೂರು ಜನ, ಇಬ್ಬರಿಗೆ ಬೂಟು, ಒಬ್ಬನಿಗೆ ಚಪ್ಪಲಿ. ಬಂಡೆಯ ಮೇಲೆ ಸಿಗರೇಟು, ಕೋವಿಯ ಎರಡು ಖಾಲಿ ತೋಟೆ. ಇಲ್ಲಿ ರಕ್ತ, ಇಲ್ಲಿ ಕರುಳು ತೆಗೆದಿದ್ದಾರೆ. ಉಳಿದವು ಮೇಲಿನ ಕಣಿವೆ ದಾಟಿ ಹೋಗಿವೆ, ಓಡುತ್ತ ಹೋಗಿವೆ, ತಿರುಗಿ ಬಂದ ಗುರುತಿಲ್ಲ.

"ಮರಿ?"

ರಕ್ತ ಒಣಗಿದ ಆ ಜಾಗದ ಸುತ್ತ ಪುಟ್ಟ ಗೊರಸಿನ ಗುರುತು ಸುತ್ತಿ ಸುತ್ತಿ ಹೋಗಿತ್ತು. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೂ ಹೊಸದು. ಎರಡು ದಿನ ಅದು ಅಲ್ಲೇ ತಾಯಿಯನ್ನು ಹುಡುಕಿದೆ. ಕಡೆಯ ಗುರುತುಗಳು ಜಾಲಿಯ ಬುಡಕ್ಕೆ ಹೋಗಿದ್ದವು. ಅಲ್ಲಿ ಒಂದು ನರಿಯ ಹೆಜ್ಜೆ ಸೇರಿಕೊಂಡಿತ್ತು. ಮರಿಯ ಹೆಜ್ಜೆ ಹೊರಬಂದಿರಲಿಲ್ಲ. ಅಪ್ಪ ಕಲಿಸಿದ ವಿದ್ಯೆಯನ್ನು ಆ ದಿನ ನಾನು ಶಪಿಸಿದೆ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಜ್ಜ ಬಂಡೆಯ ಮೇಲೆ ಕೂತರು. ಆಮೇಲೆ ಕೇಳಿದರು.

"ಬಂಡಿ ಎಲ್ಲಾದರೂ ಸುತ್ತಾಡಿದೆಯಾ? ಹುಡುಕಿದ ಹಾಗೆ?"

"ಇಲ್ಲ. ನೇರ ಈ ಬಂಡೆಗೆ ಬಂದಿದೆ."

"ಹಾಗಾದರೆ ಅವರಿಗೆ ಯಾರೋ ಹೇಳಿದ್ದಾರೆ."

ಆಗಲೇ ಹೇಳಬೇಕಿತ್ತು. ಆಗಲೇ ಹೇಳಿದ್ದರೆ ನನ್ನ ಬಗ್ಗೆ ನನಗೆ ಒಂದು ಚೂರು ಗೌರವ ಉಳಿಯುತ್ತಿತ್ತು. ಇಕಾಮಾ ಹೋಗುತ್ತದೆ ಎಂಬ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಊರಿನ ಖರ್ಚು, ಮಗಳ ಕಾಲೇಜು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅಜ್ಜ ತಾವೇ ಲೆಕ್ಕ ಮುಗಿಸಿದರು.

"ನನ್ನ ತಮ್ಮನ ಮಗ. ಅವನಿಗೂ ಕೋವಿ ಹುಚ್ಚಿತ್ತು. ಖಲಾಸ್. ಇನ್ನು ಅವನು ನನ್ನ ಗುಡಾರಕ್ಕೆ ಬರುವುದು ಬೇಡ."

ಆ ಹುಡುಗನನ್ನು ನಾನು ಎರಡು ಸಲ ಕಂಡಿದ್ದೆ. ಅಜ್ಜನ ಇನ್ಸುಲಿನ್ ಪೇಟೆಯಿಂದ ತಂದುಕೊಡುತ್ತಿದ್ದವನು ಅವನೇ. ಅಂದೂ ಅಜ್ಜ ನನಗೆ ಬಟ್ಟಲ ತಳದಲ್ಲಿ ಎರಡೇ ಗುಟುಕು ಕಾಫಿ ಹಾಕಿದರು. ಮತ್ತೆ ಹಾಕಿದರು. ನಿನ್ನ ಕಣ್ಣಿಗೆ ಅಲ್ಲಾಹ್ ಬರಕತ್ ಕೊಡಲಿ ಎಂದರು.

ಆ ವಾರ ನಾನು ಗೇಜು ನೋಡಿ ತಪ್ಪು ಬರೆದೆ, ಸೂಪರ್‌ವೈಸರ್ ಹತ್ತಿರ ಬೈಸಿಕೊಂಡೆ, ಬೈದವನಿಗೆ ತಿರುಗಿ ಬೈದೆ. ಫ್ರೀಝರಿನ ಬಾಗಿಲು ತೆಗೆಯಲೇ ಇಲ್ಲ. ಬುಧವಾರ ಆ ಹುಡುಗ ಫೋನ್ ಮಾಡಿದ. ದೊಡ್ಡಪ್ಪ ನನ್ನ ಕರೆ ತೆಗೆಯುತ್ತಿಲ್ಲ, ಮದ್ದು ಗುಡಾರದ ಹೊರಗಿಟ್ಟು ಬಂದೆ, ತೆಗೆದುಕೊಂಡರೋ ಇಲ್ಲವೋ ಗೊತ್ತಿಲ್ಲ, ನೀನು ಅವರ ಸ್ನೇಹಿತ, ನನ್ನಿಂದ ಏನು ತಪ್ಪಾಯಿತು ಎಂದು ಕೇಳಿ ಹೇಳುತ್ತೀಯಾ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಷ್ಟೂ ಗಾಬರಿ. ಕೇಳುತ್ತೇನೆ ಎಂದೆ.

ಶುಕ್ರವಾರ ಕಾಲನ್ನು ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು ಹೋದೆ. ದಾರಿಯ ಚೆಕ್‌ಪಾಯಿಂಟಿನಲ್ಲಿ ಪೊಲೀಸ್ ಕೈ ಮಾಡಿ ಮುಂದೆ ಹೋಗು ಎಂದ. ನಿಲ್ಲಿಸಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಗುಡಾರದಲ್ಲಿ ಅಜ್ಜ ಒಬ್ಬರೇ ಇದ್ದರು. ಮುಖ ಬಾತುಕೊಂಡಿತ್ತು. ಮದ್ದಿನ ಪೊಟ್ಟಣ ಮೂಲೆಯಲ್ಲಿ ಬಿಚ್ಚದೆ ಬಿದ್ದಿತ್ತು. ನಾನು ಲುಂಗಿ ಬಿಚ್ಚಿ ಅವರ ಮುಂದೆ ಇಟ್ಟೆ. ಅವರು ಕೈಯಿಂದ ಚರ್ಮ ತಡವಿ, ಕೆಳಗಿಳಿದು, ಗೊರಸಿನ ಮುರಿದ ಅಂಚಿನ ಮೇಲೆ ಹೆಬ್ಬೆರಳು ನಿಲ್ಲಿಸಿದರು.

"ತಾಯಿ," ಎಂದರು.

"ಹೌದು. ಲೊಕೇಶನ್ ಕಳಿಸಿದ್ದು ನಾನು. ನಿಮ್ಮ ತಮ್ಮನ ಮಗನಿಗೆ ಇದರಲ್ಲಿ ಏನೂ ಗೊತ್ತಿಲ್ಲ."

"ದುಡ್ಡಿಗೆ?"

"ಅಲ್ಲ."

"ಮತ್ತೆ ಯಾಕೆ?"

ಬರುವ ದಾರಿಯಲ್ಲಿ ಒಳ್ಳೆಯ ಉತ್ತರಗಳನ್ನು ಜೋಡಿಸಿಕೊಂಡಿದ್ದೆ. ಗೆಳೆಯನ ಮಕ್ಕಳು ನೋಡಲಿ ಎಂದು, ಹೀಗಾಗುತ್ತದೆ ಎಂದು ಗೊತ್ತಿರಲಿಲ್ಲ ಎಂದು. ಅವನ್ನೆಲ್ಲ ಬಿಟ್ಟೆ. "ಒಬ್ಬ ಹೊಗಳಿದ," ಎಂದೆ.

ಅಜ್ಜ ಫೋನ್ ತೆಗೆದು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನಂಬರ್ ಒತ್ತಿದರು. ಆ ಕಡೆಯವನು ಒಂದೇ ರಿಂಗಿಗೆ ಎತ್ತಿದ. ಮಗನೇ, ಇವತ್ತು ಊಟಕ್ಕೆ ಬಾ, ನನ್ನದು ತಪ್ಪಾಯಿತು ಎಂದರು. ಆ ಮಾತು ಅರ್ಥವಾಗುವಷ್ಟು ಅರಬಿ ನನಗೆ ಬರುತ್ತದೆ. ಫೋನ್ ಇಟ್ಟು ಲುಂಗಿಯನ್ನು ಮತ್ತೆ ಸುತ್ತಿ ಪಕ್ಕಕ್ಕೆ ಸರಿಸಿದರು. ಪೊಲೀಸ್ ಮಾತು ಎತ್ತಲಿಲ್ಲ.

ಆಮೇಲೆ ಕೂಜೆ ಎಳೆದುಕೊಂಡು ನನ್ನ ಬಟ್ಟಲಿಗೆ ಕಾಫಿ ಹಾಕತೊಡಗಿದರು. ಕಣ್ಣು ಕಾಣದ್ದರಿಂದ ಬಟ್ಟಲ ಅಂಚಿಗೆ ತೋರುಬೆರಳು ಇಟ್ಟುಕೊಂಡು ಹಾಕುವುದು ಅವರ ಅಭ್ಯಾಸ. ಎರಡು ಗುಟುಕು ಆಯಿತು. ಕೈ ನಿಲ್ಲಲಿಲ್ಲ. ಅರ್ಧ ಆಯಿತು. ಬಿಸಿ ಕಾಫಿ ಅವರ ಬೆರಳಿಗೆ ತಾಗಿದ ಮೇಲೆ ಕೂಜೆ ಇಳಿಸಿ ಬಟ್ಟಲನ್ನು ಎರಡೂ ಕೈಯಿಂದ ನನ್ನತ್ತ ಚಾಚಿದರು. ತುಳುಕದಂತೆ ತೆಗೆದುಕೊಂಡೆ. ನಾಲಿಗೆ ಸುಟ್ಟಿತು. ಪೂರ್ತಿ ಕುಡಿದು ಎದ್ದೆ.