ಗಾಜಿನ ಪೆಟ್ಟಿಗೆಯೊಳಗಿನ ಕಡಲಗಾಳಿ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಒಂದು ಸಿಟ್ಟನ್ನಂತೂ ಎಂಟು ವರ್ಷ ಸಾಕಿದ್ದೆ. ಅದು ಹುಟ್ಟಿದ್ದು ಒಂಬತ್ತನೇ ತರಗತಿಯ ಕಡಲಗಾಳಿಯ ಪಾಠದಿಂದ. ಕಡಲಿಗೂ ನಿಮಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಏನೂ ಇಲ್ಲ. ನಮ್ಮ ಹಳ್ಳಿ ಇರುವುದು ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಹೋಗುವ ದಾರಿಯಲ್ಲಿ. ನಾವು ಕಂಡ ದೊಡ್ಡ ನೀರೆಂದರೆ ಕೊಟ್ಟೂರಿನ ಕೆರೆ, ಅದೂ ತುಂಬಿದ ವರ್ಷ ಮಾತ್ರ.

ಆದರೆ ಗಾಳಿಯ ಜೊತೆ ನಮ್ಮ ಮನೆಗೆ ಹಳೆಯ ವ್ಯವಹಾರವಿತ್ತು. ನಮ್ಮವ್ವ ಕಣದಲ್ಲಿ ಜೋಳದ ರಾಶಿ ತೂರುವವಳು. ಮೂರು ಕಾಲಿನ ಎತ್ತರದ ಮೆಟ್ಟಿನ ಮೇಲೆ ನಿಂತು ಮೊರದಿಂದ ಕಾಳು ಸುರಿಯುವುದು ನಮ್ಮ ಕಡೆ ಗಂಡಸರ ಕೆಲಸ. ಕೆಳಗಿಂದ ಬುಟ್ಟಿ ಎತ್ತಿ ಕೊಡುವುದು, ಬಿದ್ದ ಕಾಳಿನ ಮೇಲೆ ಪೊರಕೆ ಆಡಿಸುವುದು ಹೆಂಗಸರ ಪಾಲು. ಅವ್ವ ಮಾತ್ರ ಸೆರಗು ಬಿಗಿದು ಮೆಟ್ಟು ಹತ್ತುತ್ತಿದ್ದಳು. ಯಾರೂ ಏನೂ ಅನ್ನುತ್ತಿರಲಿಲ್ಲ, ಏಕೆಂದರೆ ಅವಳು ತೂರಿದ ಜೋಳದಲ್ಲಿ ಹುಡುಕಿದರೂ ಹೊಟ್ಟು ಸಿಗುತ್ತಿರಲಿಲ್ಲ. ಸುಗ್ಗಿ ಬಂದರೆ ಐದಾರು ಊರಿನ ರೈತರು ಅವಳನ್ನು ಕರೆಯಲು ಬರುತ್ತಿದ್ದರು. ಅಪ್ಪ ಕೊಟ್ಟೂರಿನ ಸಂತೆಪೇಟೆಯಲ್ಲಿ ಹಮಾಲಿ. ಚೀಲ ಹೊರುವವನಿಗೆ ಗಾಳಿ ಬೀಸಿದರೇನು, ಬಿಟ್ಟರೇನು.

ತೂರುವ ಮೊದಲು ಅವ್ವ ಎರಡು ಸಲ ಹೊಟ್ಟು ಬಿಟ್ಟು ನೋಡುತ್ತಿದ್ದಳು. ಒಂದು ಚಿಟಿಕೆ ಮೊಣಕಾಲಿನ ಮಟ್ಟದಿಂದ, ಇನ್ನೊಂದು ಮೆಟ್ಟು ಹತ್ತಿ ಕೈಯನ್ನು ತಲೆಯ ಮೇಲೆ ಎತ್ತಿ. “ಕೆಳಗ ಬರೋ ಗಾಳಿ ಬ್ಯಾರೆ, ಮ್ಯಾಲ ಹೋಗೋ ಗಾಳಿ ಬ್ಯಾರೆ. ಎರಡೂ ನೋಡಬೇಕು” ಎನ್ನುತ್ತಿದ್ದಳು. ಕಣಕ್ಕೆ ಇನ್ನೊಂದು ಕಟ್ಟುಪಾಡಿತ್ತು. ಒಬ್ಬರು ಕೈ ಹಚ್ಚಿದ ರಾಶಿಯನ್ನು ಅವರೇ ಮುಗಿಸಬೇಕು, ಅರ್ಧದಲ್ಲಿ ಇನ್ನೊಬ್ಬರ ಕೈ ಬೀಳಬಾರದು. ಗಾಳಿ ಬಿದ್ದುಹೋಗಿ ನಾಲ್ಕು ದಿನ ಕಾದರೂ ಸರಿ, ತೂರಲು ನಿಂತವರು ಬೇರೆಡೆ ಹೋಗುವಂತಿಲ್ಲ. ಹೋದರೆ ರಾಶಿ ಕೂಡುವುದಿಲ್ಲ, ಅಳೆಯುವಾಗ ಕಾಳು ಕರಗುತ್ತದೆ ಎಂದು ರೈತರ ನಂಬಿಕೆ.

ತೊಂಬತ್ತರ ದಶಕದ ಕೊನೆಯ ಆ ಸುಗ್ಗಿಯಲ್ಲಿ ಅವ್ವ ಇದ್ದಕ್ಕಿದ್ದಂತೆ, “ಈ ವರ್ಷ ನೀನು ಮೆಟ್ಟು ಹತ್ತು, ಕಲ್ತುಕೋ” ಎಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನ ಓರಗೆಯ ಯಾವ ಹುಡುಗಿಗೂ ಸಿಗದ ಜಾಗ ಅದು. ಬೆಳಿಗ್ಗೆ ಕೊಟ್ಟೂರಿನಲ್ಲಿ ಒಪ್ಪತ್ತಿನ ಶಾಲೆ, ಮಧ್ಯಾಹ್ನ ನೆಲ ಕಾದು ಗಾಳಿ ಏಳುವ ಹೊತ್ತಿಗೆ ಕಣ, ಹೀಗೆ ನನ್ನ ದಿನ ನಡೆದಿತ್ತು.

ಶಾಲೆಯಲ್ಲಿ ನನಗೊಬ್ಬ ಗೆಳತಿ. ಅವಳ ತಂದೆ ಕೊಟ್ಟೂರಿನಲ್ಲೇ ಕಿರಾಣಿ ಅಂಗಡಿ ಇಟ್ಟಿದ್ದರು, ತಕ್ಕಮಟ್ಟಿಗೆ ಅನುಕೂಲಸ್ಥರು. ಒಂದೇ ಬೆಂಚು, ಒಂದೇ ಡಬ್ಬಿಯ ಊಟ. ಅವಳ ಚಪಾತಿ ನನಗೆ, ನನ್ನ ಜೋಳದ ರೊಟ್ಟಿ ಅವಳಿಗೆ. ಆ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ಕಡಲಗಾಳಿಯ ಮಾದರಿ ಮಾಡಿ ಎಂದು ವಿಜ್ಞಾನದ ಮಾಸ್ತರರು ನಮ್ಮಿಬ್ಬರಿಗೂ ಹೇಳಿದರು. ಅವಳ ಅಂಗಡಿಯ ಹಳೇ ಕಪಾಟಿನ ಗಾಜುಗಳನ್ನು ಜೋಡಿಸಿ ಪೆಟ್ಟಿಗೆ ಮಾಡಿದೆವು. ಒಳಗೆ ಒಂದು ಬೋಗುಣಿ ಕಾಸಿದ ಮರಳು, ಒಂದು ಬೋಗುಣಿ ಐಸ್‌ಕ್ಯಾಂಡಿ ಅಂಗಡಿಯ ಮಂಜುಗಡ್ಡೆ ಹಾಕಿದ ನೀರು, ನಡುವೆ ಹೊಗೆಯಾಡುವ ಊದಿನಕಡ್ಡಿ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗ ತುಂಬಲು ನೀರಿನ ಮೇಲಿನ ತಂಪು ಗಾಳಿ ದಂಡೆಗೆ ನುಗ್ಗುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ನೀರು ಬೆಚ್ಚಗೇ ಉಳಿಯುತ್ತದೆ, ಗಾಳಿ ತಿರುಗುತ್ತದೆ. ಪುಸ್ತಕದಲ್ಲಿದ್ದದ್ದು ಇಷ್ಟೇ.

ಊದಿನಕಡ್ಡಿಯ ಹೊಗೆ ಪುಸ್ತಕದಲ್ಲಿದ್ದಂತೆಯೇ ತಳದಲ್ಲಿ ನೀರಿನಿಂದ ಮರಳಿನ ಕಡೆಗೆ ಹರಿಯಿತು. ಎಲ್ಲರೂ ಅಲ್ಲಿಗೇ ಕಣ್ಣು ನೆಟ್ಟಿದ್ದರು. ನನಗೆ ಅವ್ವನ ಅಭ್ಯಾಸ, ಮೇಲೂ ನೋಡಿದೆ. ಮುಚ್ಚಳದ ಗಾಜಿನ ಕೆಳಗೆ ಅದೇ ಹೊಗೆ ಮರಳಿನ ಕಡೆಯಿಂದ ನೀರಿನ ಕಡೆಗೆ ವಾಪಸ್ಸು ಹೋಗುತ್ತಿತ್ತು. ನೀರಿನ ಮೇಲೆ ಹೋಗಿ ತಣ್ಣಗಾಗಿ ಇಳಿಯುತ್ತಿತ್ತು. “ಪುಸ್ತಕದಾಗ ಕೆಳಗಿನ ಬಾಣ ಅಷ್ಟೇ ಐತಿ ಲೇ” ಎಂದು ಗೆಳತಿ ವಾದಿಸಿದಳು. “ಪುಸ್ತಕ ಬರೆದೋರು ಮೆಟ್ಟು ಹತ್ತಿಲ್ಲ ಬಿಡು” ಎಂದೆ. ಮಾಸ್ತರರು ಮೂರು ಸಲ ಊದಿನಕಡ್ಡಿ ಹಚ್ಚಿಸಿ ನೋಡಿದರು. ತಾಲ್ಲೂಕಿನಲ್ಲೂ ಜಿಲ್ಲೆಯಲ್ಲೂ ನಮ್ಮ ಪೆಟ್ಟಿಗೆ ಗೆದ್ದದ್ದು ಆ ಮೇಲಿನ ಹೊಗೆಯಿಂದಲೇ. ಮುಂದಿನ ಪ್ರದರ್ಶನ ಕಾರವಾರದಲ್ಲಿ ಎಂದು ಗೊತ್ತಾದ ದಿನ ನಾವಿಬ್ಬರೂ ಕೈ ಹಿಡಿದು ಶಾಲೆಯ ಅಂಗಳದಲ್ಲಿ ಸುತ್ತು ಹಾಕಿದೆವು.

ನನಗೆ ಬಹುಮಾನದ ಆಸೆ ಇರಲಿಲ್ಲ. ಕಡಲ ದಂಡೆಯಲ್ಲಿ ನಿಂತು ಒಂದು ಚಿಟಿಕೆ ಹೊಟ್ಟು ಬಿಟ್ಟು ನೋಡಬೇಕಿತ್ತು. ಪೆಟ್ಟಿಗೆಯೊಳಗಿನದು ಹೊರಗೂ ನಿಜವೋ ಸುಳ್ಳೋ ಎಂದು ನನ್ನ ಕಣ್ಣಿಂದಲೇ ಕಾಣಬೇಕಿತ್ತು. ಒಳ್ಳೆಯ ಒಣ ಹೊಟ್ಟನ್ನು ಆರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಚೀಲದಲ್ಲಿ ಇಟ್ಟುಕೊಂಡಿದ್ದೆ.

ಹೊರಡಲು ಎರಡು ದಿನವಿದ್ದಾಗ ಬೆಳಿಗ್ಗೆ ಗೆಳತಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ನನ್ನ ಮುಖ ನೋಡದೆ, “ಒಬ್ಬರೇ ಬರ್ರಿ ಅಂದಾರಂತ. ಮಾಸ್ತರು ನನ್ನ ಹೆಸರು ಕೊಟ್ಟಾರ” ಎಂದಳು. ಮಾಸ್ತರರನ್ನು ಕೇಳಬಹುದಿತ್ತು. ಕೇಳಿ, ಅವರೆದುರು ಅತ್ತು, ಅವರಿಂದ ಸಮಾಧಾನ ಹೇಳಿಸಿಕೊಳ್ಳುವಷ್ಟು ಸಣ್ಣವಳಾಗಲು ಮನಸ್ಸು ಒಪ್ಪಲಿಲ್ಲ. ಚೀಲ ಎತ್ತಿಕೊಂಡು ಸೀದಾ ಊರಿಗೆ ಬಂದು ಕಣಕ್ಕೆ ಹೋದೆ. ಹೊಟ್ಟಿನ ಗಂಟನ್ನು ಬಿಚ್ಚಿ ಹೊಟ್ಟಿನ ಗುಡ್ಡೆಗೇ ಎಸೆದೆ.

ಕಣದಲ್ಲಿ ನಾನು ಕೈ ಹಚ್ಚಿದ ರಾಶಿ ಅರ್ಧಕ್ಕೆ ನಿಂತಿತ್ತು. ಅದರ ಮೇಲೆ ನನ್ನ ಹೊಟ್ಟೆಕಿಚ್ಚನ್ನೆಲ್ಲ ತೀರಿಸಿಕೊಂಡೆ. ಮೆಟ್ಟಿನ ಮೇಲೆ ನಿಂತು ಮೊರ ಅಲುಗಿಸುತ್ತ ಗೆಳತಿಯನ್ನು ಬಾಯಿಗೆ ಬಂದಂತೆ ಬೈದೆ. ಕಳ್ಳಿ, ಮನೆಹಾಳಿ, ನನ್ನ ರೊಟ್ಟಿ ತಿಂದು ನನ್ನ ಬೆನ್ನಿಗೇ ಚೂರಿ ಹಾಕಿದವಳು. ಅವ್ವ ಕೆಳಗಿಂದ ಬುಟ್ಟಿಯನ್ನು ಎದೆಯ ಮಟ್ಟಕ್ಕಷ್ಟೇ ಎತ್ತಿ ಕೊಡುತ್ತ ಕೇಳಿಸಿಕೊಂಡಳು. “ದೊಡ್ಡ ಮನಿ ಹುಡುಗ್ಯಾರು ಹಂಗ. ನಮ್ಮ ಬುದ್ಧಿ ಬೇಕು ಅವರಿಗೆ, ನಾವು ಬ್ಯಾಡ” ಎಂದಳು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಈ ಲೋಕದಲ್ಲಿ ನನ್ನವಳು ಅಂತ ಇರುವುದು ಅವ್ವ ಒಬ್ಬಳೇ ಅನ್ನಿಸಿತು.

ಗೆಳತಿ ಬಹುಮಾನವಿಲ್ಲದೆ ಬಂದಳು. ಅದೂ ನನಗೆ ಸಾಲಲಿಲ್ಲ. ಸೋಮವಾರದ ಪ್ರಾರ್ಥನೆಯಲ್ಲಿ ಕಡಲು ಕಂಡ ಬಗ್ಗೆ ನಾಲ್ಕು ಮಾತು ಹೇಳು ಎಂದು ಮಾಸ್ತರರು ಅವಳನ್ನು ಮುಂದೆ ನಿಲ್ಲಿಸಿದರು. ಸಂಜೆ ಕಡಲಿಗೆ ಮುಖ ಮಾಡಿ ನಿಂತರೆ ಗಾಳಿ ಎದೆಗೆ ಬಡಿಯುತ್ತಿತ್ತಂತೆ. ನಸುಕಿನಲ್ಲಿ ಅದೇ ಜಾಗದಲ್ಲಿ ನಿಂತರೆ ಬೆನ್ನಿಗೆ ತಣ್ಣಗೆ ಸೋಕುತ್ತಿತ್ತಂತೆ. ಹಾಯಿ ಕಟ್ಟಿದ ಸಣ್ಣ ದೋಣಿಗಳು ಆ ನಸುಕಿನ ಗಾಳಿ ಹಿಡಿದೇ ಒಳಗೆ ಹೋಗುತ್ತಿದ್ದವಂತೆ. ಇಡೀ ಶಾಲೆ ಬಾಯಿ ಬಿಟ್ಟುಕೊಂಡು ಕೇಳಿತು. ನನಗೆ ಮೈಯೆಲ್ಲ ಉರಿಯಿತು. ಸಾಲಿನಲ್ಲಿ ನಿಂತಲ್ಲಿಂದಲೇ ಕೈ ಎತ್ತಿ ಕೇಳಿದೆ, “ಪೆಟ್ಟಿಗ್ಯಾಗ ಮ್ಯಾಲಿನ ಹೊಗಿ ಹಿಂದಕ್ಕ ಯಾಕ ಬರ್ತಿತ್ತು? ಅದನ್ನ ಕಂಡು ಹಿಡಿದವರು ಯಾರು?”

ಉತ್ತರ ಅವಳಿಗೆ ಗೊತ್ತಿರಲೇಬೇಕು, ನಾನೇ ಇಪ್ಪತ್ತು ಸಲ ಬಿಡಿಸಿ ಹೇಳಿದ್ದೆ. ಅವಳು ನನ್ನನ್ನೇ ನೋಡುತ್ತ ನಿಂತಳು. ಬಾಯಿ ತೆರೆಯಲಿಲ್ಲ. ಹುಡುಗರು ನಕ್ಕರು, ಆಮೇಲೆ ಹುಡುಗಿಯರೂ ನಕ್ಕರು. ಕಡಲು ನೋಡಿ ಬಂದವಳು ಪಾಠ ಮರೆತಳು ಎಂದು ಆ ವರ್ಷವಿಡೀ ಅವಳನ್ನು ಆಡಿಕೊಂಡರು. ನಾನು ಬೆಂಚು ಬದಲಾಯಿಸಿದೆ. ಮಾಸ್ತರರು ಒಮ್ಮೆ ವರಾಂಡದಲ್ಲಿ ಸಿಕ್ಕು, “ಏನಮ್ಮ, ಕಣದ ಕೆಲಸ ಮುಗೀತೇನು?” ಎಂದು ಕೇಳಿದರು. ಚುಚ್ಚಲು ಕೇಳುತ್ತಿದ್ದಾರೆ ಎಂದುಕೊಂಡು ಉತ್ತರ ಕೊಡದೆ ನಡೆದೆ.

ಹತ್ತನೆಯ ತರಗತಿಯ ನಂತರ ನಾನು ವಿಜ್ಞಾನ ಹಿಡಿದೆ, ಅವಳು ಹಿಡಿಯಲಿಲ್ಲ. ಅವಳಿಗೆ ತಕ್ಕ ಶಾಸ್ತಿಯಾಯಿತು ಎಂದು ಒಳಗೊಳಗೇ ಖುಷಿಪಟ್ಟೆ. ಬಿ.ಎಡ್. ಓದುವಾಗ ಕರಾವಳಿಗೆ ಪ್ರವಾಸ ಹೊರಟರೆ ಜ್ವರವೆಂದು ಸುಳ್ಳು ಹೇಳಿ ಹಾಸ್ಟೆಲಿನಲ್ಲೇ ಉಳಿದೆ. ಅವಳು ಮೊದಲು ಕಂಡ ಕಡಲನ್ನು ಆಮೇಲೆ ಹೋಗಿ ನೋಡುವುದೇನಿದೆ ಎನ್ನುವ ಹಟ.

ಎಂಟು ವರ್ಷ ಕಳೆದ ಮೇಲೆ, ಹಡಗಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಹೊಸದಾಗಿ ಮೇಡಂ ಆಗಿದ್ದಾಗ, ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಅವಳು ಎದುರಾದಳು. ಮೆಕ್ಕೆಜೋಳದ ವ್ಯಾಪಾರಿಯ ಮನೆಗೆ ಕೊಟ್ಟಿದ್ದರಂತೆ, ಸೊಂಟದಲ್ಲಿ ಮಗು. ಅವಳೇ ಬಂದು ಮಾತಾಡಿಸಿದಳು. ವಿಜ್ಞಾನ ಕಲಿಸುತ್ತೇನೆ ಎಂದೆ. ಅವಳು ಮನಸಾರೆ ನಕ್ಕಳು. ಆ ನಗು ನೋಡಿ ನನ್ನ ಹಳೆಯ ಸಿಟ್ಟು ನೆತ್ತಿಗೇರಿತು.

“ಅವತ್ತು ನೀ ನನ್ನ ಬಿಟ್ಟು ಹೋಗಿದ್ದಕ್ಕೇ ಈ ಹಟ ಬಂತು ನನಗ” ಎಂದೆ.

ಅವಳ ನಗು ನಿಂತಿತು. “ಇನ್ನೂ ನಿಮ್ಮವ್ವ ಹೇಳಿಲ್ಲೇನು?” ಎಂದಳು.

ಆಮೇಲೆ ಅವಳು ಹೇಳಿದ್ದು ಇಷ್ಟು. ಕಾರವಾರಕ್ಕೆ ಇಬ್ಬರ ಹೆಸರೂ ಇತ್ತು. ಮನೆಯವರ ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಾ ಎಂದು ಮಾಸ್ತರರು ಚೀಟಿ ಕೊಟ್ಟು ಇವಳನ್ನೇ ನಮ್ಮೂರಿಗೆ ಕಳಿಸಿದ್ದರು. ಸೈಕಲ್ಲಿನಲ್ಲಿ ಬಂದಾಗ ನಾನು ನೀರಿಗೆ ಹೋಗಿದ್ದೆ. ಅವ್ವ ಹೆಬ್ಬೆಟ್ಟು ಒತ್ತಲಿಲ್ಲ. “ಕಣದ ಕೆಲಸ ಐತಿ, ಕಳಸಂಗಿಲ್ಲ ಅಂತ ಮಾಸ್ತರಿಗೆ ಹೇಳು. ನನ್ನ ಮಗಳಿಗೆ ಮಾತ್ರ, ಒಬ್ಬರನ್ನೇ ಕರದಾರ ಅಂತ ಹೇಳು” ಎಂದು ಇವಳ ಕೈ ಹಿಡಿದು ಆಣೆ ಮಾಡಿಸಿಕೊಂಡಿದ್ದಳು.

“ಪ್ರಾರ್ಥನ್ಯಾಗ ನಾ ಬಾಯಿ ತೆರದಿದ್ರ, ಕಂಡು ಹಿಡಿದಾಕಿ ನೀನು ಅಂತ ಹೇಳಬೇಕಾಗ್ತಿತ್ತು” ಎಂದಳು. “ಮತ್ತ ಅಕಿ ಯಾಕ ಬರ್ಲಿಲ್ಲ ಅಂತ ಎಲ್ಲಾರೂ ಕೇಳ್ತಿದ್ರು. ಅದಕ್ಕ ಸುಮ್ಮನ ನಿಂತೆ.”

ನಾನು ನಂಬಲಿಲ್ಲ. ನಿನ್ನ ತಪ್ಪು ಮುಚ್ಚಲು ನಮ್ಮವ್ವನ ಮೇಲೆ ಹಾಕುತ್ತೀಯಾ ಎಂದು ನಾಲ್ಕು ಜನರಿಗೆ ಕೇಳುವಂತೆ ಅಂದು, ಹೊರಟಿದ್ದ ಕೊಟ್ಟೂರಿನ ಬಸ್ಸು ಹತ್ತಿಬಿಟ್ಟೆ. ದಾರಿಯುದ್ದಕ್ಕೂ ಮಾಸ್ತರರ ಆ ಒಂದು ಪ್ರಶ್ನೆ ತಲೆಯಲ್ಲಿ ತಿರುಗುತ್ತಿತ್ತು. ಕಣದ ಕೆಲಸ ಮುಗೀತೇನು ಎಂದು ಅವರು ಯಾಕೆ ಕೇಳಿದರು? ಅವರಿಗೆ ಕಣದ ಸುದ್ದಿ ಹೇಳಿದವರು ಯಾರು?

ಊರು ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕೇಳಿದೆ. ಅವಳು ಇಲ್ಲ ಅನ್ನಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

“ಹೌದು, ಚೀಟಿ ತಂದಿದ್ಲು. ಹಿಂದಿನ ವರ್ಷ ಮೆಟ್ಟಿನ ಮ್ಯಾಲಿಂದ ಬಿದ್ದು ನನ್ನ ಭುಜ ಹೋಗಿತ್ತು, ನಿನಗ ಹೇಳಿರಲಿಲ್ಲ. ಕೈ ಕಿವಿಗಿಂತ ಮ್ಯಾಲ ಏಳ್ತಿರಲಿಲ್ಲ. ರೈತರಿಗೆ ಗೊತ್ತಾಗಿದ್ರ ತೂರೋ ಫ್ಯಾನಿನ ಮಶೀನು ತರಿಸಿ ನಮ್ಮನ್ನ ಬಿಟ್ಟೇಬಿಡ್ತಿದ್ರು. ನೀ ಕೈ ಹಚ್ಚಿದ ರಾಶಿ ಬ್ಯಾರೆ ಅರ್ಧಕ್ಕ ನಿಂತಿತ್ತು.”

ಇಷ್ಟನ್ನು ನಾನು ಕ್ಷಮಿಸಬಲ್ಲವಳಾಗಿದ್ದೆ. ನಿಜಕ್ಕೂ, ಆ ಕ್ಷಣಕ್ಕೆ ಕ್ಷಮಿಸಿಯೂ ಬಿಟ್ಟಿದ್ದೆ.

“ನನಗ ಹೇಳಬೇಕಿತ್ತು ಅವ್ವ. ನಾ ಇರ್ತಿದ್ದೆ” ಎಂದೆ.

“ಇರ್ತಿದ್ದಿ. ಮಾರಿ ಗಂಟು ಹಾಕ್ಕೊಂಡು ಇರ್ತಿದ್ದಿ. ನನ್ನ ಮ್ಯಾಲ ಸಿಟ್ಟಿಟ್ಕೊಂಡು ನನ್ನ ರಾಶಿ ತೂರ್ತಿದ್ಯೇನು?”

“ಅಕಿನ್ನ ನಾ ಅಷ್ಟು ಬೈಯೋವಾಗ ನೀನೂ ದನಿಗೂಡಿಸಿದ್ಯಲ್ಲ. ಏನೂ ತಪ್ಪಿಲ್ಲದಾಕಿನ್ನ.”

ಅವ್ವ ಬೊಗಸೆಯಲ್ಲಿದ್ದ ಸಿಪ್ಪೆಯನ್ನು ಕಟ್ಟೆಯ ಕೆಳಗೆ ಸುರಿದು ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ನಾಚಿಕೆಯಾಗಲಿ ಅಳುಕಾಗಲಿ ಇರಲಿಲ್ಲ.

“ಬೈದಷ್ಟೂ ನಿನ್ನ ಕೈ ಜೋರು ಆಗ್ತಿತ್ತು” ಎಂದಳು. “ಉಣ್ಣಾಕೂ ಕೆಳಗ ಇಳೀಲಿಲ್ಲ ನೀನು. ಆರು ದಿನದ ರಾಶಿ ನಾಕು ದಿನಕ್ಕ ಮುಗಿಸಿದಿ. ಅಷ್ಟು ಚಂದ ನೀ ಆಮ್ಯಾಲ ಯಾವತ್ತೂ ತೂರಲಿಲ್ಲ ನೋಡು.”

ಹೆಮ್ಮೆಯಿಂದಲೇ ಹೇಳಿದಳು.