ಐಲಾ ಅತ್ತೆ ಮತ್ತು ಹೊರೆಯಾಳು

ಐಲಾ ಕೆಟ್ಟುನೆನ್ ಮೂವತ್ತೊಂದು ವರ್ಷ ಫಿನ್ಲೆಂಡಿನ ನಮ್ಮ ಈಸಾಲ್ಮಿ ಊರಿನ ಶಾಲೆಯಲ್ಲಿ ಅಡುಗೆ ಮಾಡಿದವಳು. ಊರಿನಲ್ಲಿ ನಲವತ್ತೈದರ ಒಳಗಿನವರು ಯಾರೇ ಸಿಗಲಿ, ಅವಳ ಕೈಯ ಗುರುವಾರದ ಬಟಾಣಿ ಸಾರು ಕುಡಿಯದವರಿಲ್ಲ. ಬೇಡವೆಂದು ಮುಖ ತಿರುಗಿಸಿದರೆ, "ಒಂದೇ ಒಂದು ಸೌಟು. ಯಾರೂ ಇವತ್ತಿನವರೆಗೆ ಸತ್ತಿಲ್ಲ" ಎಂದು ತಟ್ಟೆಗೆ ಸುರಿದೇಬಿಡುತ್ತಿದ್ದಳು. ನಾನೂ ಹಾಗೆ ಸುರಿಸಿಕೊಂಡವಳೇ. ಅವಳಿಗೆ ಮಕ್ಕಳಿರಲಿಲ್ಲ; ಊರಿಗೆಲ್ಲ ಅವಳು ಅಡುಗೆ ಅತ್ತೆ.

ನಿವೃತ್ತಿಯಾದ ಎರಡನೆಯ ವರ್ಷ ಅತ್ತೆಯ ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಮಂಗಳವಾರ ಮತ್ತು ಶುಕ್ರವಾರ ಮಂಡಿಯ ವ್ಯಾಯಾಮಕ್ಕೆ ಹಳ್ಳಿಯಿಂದ ಪೇಟೆಗೆ ಬರಬೇಕಿತ್ತು. ಅದು ಮುಗಿದರೆ ಅವಳ ಹಳ್ಳಿಯ ಕಡೆಯ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ. ಹೊರಗೆ ಜನವರಿಯ ಮೈನಸ್ ಇಪ್ಪತ್ತೆರಡು ಡಿಗ್ರಿ ಚಳಿ. ಹಾಗಾಗಿ ಅವಳು ಊರುಗೋಲು ಕುಟ್ಟಿಕೊಂಡು ನಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಬಂದಳು. ಓದುವ ಕೋಣೆಯ ಕುರ್ಚಿಗಳೆಲ್ಲ ತಗ್ಗು, ಕೂತರೆ ಏಳಲಾಗದು. ಎತ್ತರದ ಕೈಕುರ್ಚಿ ಇದ್ದದ್ದು ಒಂದೇ, ಅದೂ ವಿಡಿಯೊ ಗೇಮ್ ಆಡುವವರಿಗೆಂದು ಇಟ್ಟ ಗೇಮ್ ಕೋಣೆಯಲ್ಲಿ.

ಅಲ್ಲಿ ಇಲ್ಪೊ ಇದ್ದ. ಹಿಮ ಬಾಚುವ ಗಾಡಿಯ ಚಾಲಕ, ನಲವತ್ತೊಂದು ವರ್ಷ, ಬಾಗಿಲಿನಷ್ಟು ಅಗಲದ ಆಳು. ಅವನ ಕೆಲಸ ಮಧ್ಯಾಹ್ನಕ್ಕೆಲ್ಲ ಮುಗಿಯುತ್ತದೆ. ಮುಗಿದ ಮೇಲೆ ಗೇಮ್ ಕೋಣೆಯೇ ಅವನ ಮನೆ. ಆ ಚಳಿಗಾಲ ಅವನು ಆಡುತ್ತಿದ್ದದ್ದು 'ಒಂಬತ್ತು ಗಂಟೆಗಳ ನಾಡು' ಎಂಬ ಆಟ. ನಾಲ್ಕು ಜನರ ಗುಂಪನ್ನು ಕಟ್ಟಿಕೊಂಡು ಕಣಿವೆಗೊಂದರಂತೆ ದೊಡ್ಡ ಗಂಟೆ ತೂಗುವ ಒಂಬತ್ತು ಕಣಿವೆ ದಾಟಬೇಕು. ಒಬ್ಬ ಕತ್ತಿಯವನು, ಒಬ್ಬಳು ಬಿಲ್ಲುಗಾರ್ತಿ, ಒಬ್ಬಳು ವೈದ್ಯೆ, ಇನ್ನೊಬ್ಬಳು ಬೆನ್ನ ಮೇಲೆ ಮೂಟೆ ಹೊತ್ತ ಹೊರೆಯಾಳು. ಕಾಳಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸರದಿ. ಪ್ರತಿ ಸರದಿಗೆ ಒಂದು 'ಉಸಿರು' ಕೂಡುತ್ತದೆ. ಸಣ್ಣ ವಿದ್ಯೆಗೆ ಒಂದು ಉಸಿರು ಸಾಕು, ದೊಡ್ಡ ವಿದ್ಯೆಗೆ ನಾಲ್ಕು ಬೇಕು. ಯಾವಾಗ ಖರ್ಚು ಮಾಡಬೇಕು, ಯಾವಾಗ ಕೂಡಿಡಬೇಕು ಅನ್ನುವುದೇ ಆಟ.

ಅತ್ತೆ ಕೋಟು ಬಿಚ್ಚದೆ ಅರ್ಧ ಗಂಟೆ ನೋಡಿದಳು. ಆಮೇಲೆ ಕೇಳಿದಳು: "ಆ ಹಿಂದೆ ನಿಂತಿರೋ ಹೆಂಗಸಿಗೆ ಯಾಕೆ ಏನೂ ಕೆಲಸ ಕೊಡಲ್ಲ ನೀನು?"

"ಅವಳಾ? ಅವಳು ಮೂಟೆ ಹೊರೋಳು ಅತ್ತೆ. ಹೊಡಿಯೋಕೂ ಬರಲ್ಲ, ಬಡಿಯೋಕೂ ಬರಲ್ಲ. ಎರಡನೇ ಕಣಿವೇಲಿ ಬೇರೆಯವನು ಸಿಕ್ತಾನೆ, ಇವಳನ್ನ ಅಲ್ಲೇ ಬಿಟ್ಟುಬಿಡೋದು. ಎಲ್ರೂ ಹಂಗೇ ಮಾಡೋದು."

"ಅವಳ ಮೂಟೇಲಿರೋ ರೊಟ್ಟಿ ಮಾತ್ರ ತಿಂತೀರಿ."

"ಅದು ಆಟ ಅತ್ತೆ!"

"ಆಟಾನೇ ಇರಬಹುದು. ತಿಂದದ್ದು ತಿಂದದ್ದೇ."

ಅಷ್ಟರಲ್ಲಿ ಇಲ್ಪೊನ ಗುಂಪು ತೋಳಗಳ ಕೈಗೆ ಸಿಕ್ಕಿ ಸತ್ತಿತು. ಆ ದಿನಕ್ಕೆ ನಾಲ್ಕನೆಯ ಸಲ. ಅವನು ಕಾಫಿಗೆಂದು ಎದ್ದಾಗ ಕಂಟ್ರೋಲರ್ ಅತ್ತೆಯ ತೊಡೆಯ ಮೇಲಿಟ್ಟು, "ಹಂಗಾದ್ರೆ ನೀನೇ ಆಡು ನೋಡೋಣ" ಎಂದು ಕಿಚಾಯಿಸಿದ. ಮರಳಿ ಬರುವಷ್ಟರಲ್ಲಿ ಅತ್ತೆ ಕತ್ತಿಯವನನ್ನು ಹೊಳೆಗೆ ಇಳಿಸಿ ಮುಳುಗಿಸಿದ್ದಳು, ವೈದ್ಯೆಯ ಕೋಲನ್ನು ಒಬ್ಬ ಕುರಿಗಾಹಿಗೆ ಮಾರಿದ್ದಳು. ಯಾವ ಬಟನ್ ಒತ್ತಿದೆನೋ ತನಗೇ ಗೊತ್ತಿಲ್ಲ ಎಂದಳು. ಇಲ್ಪೊ ನಕ್ಕೂ ನಕ್ಕೂ ಕಾಫಿ ಚೆಲ್ಲಿಕೊಂಡ. ಅತ್ತೆಯೂ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆ ದಿನ ಅವಳ ಬಸ್ಸು ತಪ್ಪಿತು. ಇಲ್ಪೊ ತನ್ನ ಕಾರಿನಲ್ಲಿ ಬಿಟ್ಟು ಬಂದ.

ಶುಕ್ರವಾರ ವ್ಯಾಯಾಮಕ್ಕೆ ಮೊದಲೇ ಬಂದಳು. ಕೈಯಲ್ಲಿ ಚೌಕಗೆರೆಯ ನೋಟ್‌ಪುಸ್ತಕ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. "ತೈನಾ, ನನಗೊಂದು ಖಾತೆ ಮಾಡಿಕೊಡು. ನನ್ನ ಆಟ ಇವನ ಆಟಕ್ಕೆ ಬೆರಕೆ ಆಗಬಾರದು" ಅಂದಳು. ಮಾಡಿಕೊಟ್ಟೆ. ಯಾವ ಬಟನ್ ಯಾವುದಕ್ಕೆ ಅನ್ನುವುದನ್ನು ಚಿತ್ರ ಬರೆದು ಇಟ್ಟುಕೊಂಡಳು. ಬೆರಳಿಗೆ ಅದು ಒಗ್ಗಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಅವಳ ಕತ್ತಿಯವನು ಗೋಡೆಗೆ ಮುಖ ಮಾಡಿ ನಡೆಯುತ್ತಲೇ ಇದ್ದ.

ಹೊರೆಯಾಳನ್ನು ಮಾತ್ರ ಅವಳು ಬಿಡಲಿಲ್ಲ. ಎರಡನೆಯ ಕಣಿವೆಯಲ್ಲಿ ಬೆಂಕಿ ಉಗುಳುವ ಹೊಸ ಮಂತ್ರವಾದಿ ಸಿಕ್ಕಾಗಲೂ, "ಬೇಡಪ್ಪ, ನಮ್ಮಲ್ಲಿ ಜಾಗ ಇಲ್ಲ" ಎಂದು ಪರದೆಗೇ ಹೇಳಿ ಮುಂದೆ ಹೋದಳು. ಇಲ್ಪೊ ತಲೆ ತಲೆ ಚಚ್ಚಿಕೊಂಡ.

ಆದರೆ ಉಳಿದ ವಿಷಯದಲ್ಲಿ ಅವನು ಹೇಳಿದ್ದನ್ನೇ ಕೇಳಿದಳು. ಲೆವೆಲ್ ಏರಿದಾಗಲೆಲ್ಲ ಸಿಗುವ ವಿದ್ಯೆಯ ಎಲೆಗಳನ್ನು ಪೂರ್ತಿ ಕತ್ತಿಯ ಬಲಕ್ಕೇ ಹಾಕು ಎಂದು ಅವನ ಉಪದೇಶ. ಆರನೆಯ ಕಣಿವೆಯಲ್ಲಿ ಕತ್ತಿ ತಾಗದ ಹೊಗೆಯ ಪಿಶಾಚಿಗಳು ಎದುರಾದವು. ಹಾಕಿದ ಎಲೆ ಹಿಂದಕ್ಕೆ ಬರುವುದಿಲ್ಲ. ಎರಡು ವಾರ ಹೆಣಗಿದರೂ ಒಂದು ಹೆಜ್ಜೆ ಮುಂದೆ ಹೋಗಲಾಗಲಿಲ್ಲ. ಮಾರ್ಚ್ ಮೊದಲ ಶುಕ್ರವಾರ ಅತ್ತೆ ಕನ್ನಡಕ ತೆಗೆದು ಒರೆಸಿ, "ಮೊದಲಿಂದ ಶುರು ಮಾಡ್ತೀನಿ" ಅಂದಳು.

"ಅತ್ತೆ, ಇಪ್ಪತ್ತು ಗಂಟೆ ಆಡಿದೀಯ! ಅಷ್ಟೂ ಮಣ್ಣುಪಾಲು!" ಇಲ್ಪೊ ತಲೆಯ ಮೇಲೆ ಕೈ ಹೊತ್ತ.

"ನಾನೂರು ಮಕ್ಕಳಿಗೆ ಮಾಡಿದ ಗಂಜಿ ಒಂದಿನ ತಳ ಹಿಡೀತು, ಗೊತ್ತಾ? ಹನ್ನೊಂದು ಗಂಟೆಗೆ ಊಟ, ಹತ್ತೂವರೆಗೆ ಹೊಗೆ. ಎಲ್ಲ ಚೆಲ್ಲಿ ಮತ್ತೆ ಮಾಡಿದ್ವಿ. ಕಾದ್ರು, ತಿಂದ್ರು. ನಾನೇನು ಅಳ್ತಾ ಕೂತಿದ್ನಾ?"

"ಅವತ್ತು ನಾನೂ ಕಾದಿದ್ದೆ," ಇಲ್ಪೊ ಅಂದ. "ಎರಡನೇ ಸಲದ್ದೂ ಸ್ವಲ್ಪ ಸೀದಿತ್ತು."

"ಬಾಯಿ ಮುಚ್ಚು."

ಎರಡನೆಯ ಸಲ ಅವಳು ಯಾರ ಮಾತೂ ಕೇಳಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲ ಉಪಾಯ ಸಿಗುತ್ತದೆ ಎಂದು ನಾನೊಮ್ಮೆ ಹೇಳಿದ್ದಕ್ಕೆ, "ಉತ್ತರ ನೋಡ್ಕೊಂಡು ಪದಬಂಧ ತುಂಬ್ತಾರೇನೇ?" ಎಂದು ಗದರಿದಳು. ಪ್ರತಿ ಕಾಳಗವನ್ನೂ ನೋಟ್‌ಪುಸ್ತಕದಲ್ಲಿ ಬರೆದಳು: ಯಾರ ಸರದಿ, ಯಾರಿಗೆ ಎಷ್ಟು ಉಸಿರು, ಯಾರು ಯಾರನ್ನು ಹೊಡೆದರು. ಹೊರೆಯಾಳಿಗೆ ಎರಡು ವಿದ್ಯೆ ಇತ್ತು. ಒಂದು, ತನ್ನ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು. ಇನ್ನೊಂದು, ಉಳಿದವರ ಮೇಲೆ ಬೀಳುವ ಪೆಟ್ಟಿನ ಅರ್ಧವನ್ನು ತಾನು ಹೊರುವುದು. ಇವೆರಡರಿಂದಲೇ ಅತ್ತೆಯ ವೈದ್ಯೆ ಒಂದೇ ಸುತ್ತಿನಲ್ಲಿ ಎರಡು ಸಲ ಗಾಯ ಮಾಯಿಸುತ್ತಿದ್ದಳು, ಬಿಲ್ಲುಗಾರ್ತಿ ಎರಡು ಬಾಣ ಬಿಡುತ್ತಿದ್ದಳು. ಹೊಗೆಯ ಪಿಶಾಚಿಗಳನ್ನು ಅವಳು ಮೊದಲ ಪ್ರಯತ್ನದಲ್ಲೇ ದಾಟಿದಾಗ ಇಲ್ಪೊ ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಅವನು ಅಲ್ಲಿ ಒಂಬತ್ತು ಸಲ ಸತ್ತಿದ್ದ.

ಏಪ್ರಿಲ್ ಹೊತ್ತಿಗೆ ಇಬ್ಬರೂ ಒಂಬತ್ತನೆಯ ಕಣಿವೆಯಲ್ಲಿ ನಿಂತಿದ್ದರು. ಅಲ್ಲಿರುವವಳು ಹಿಮದೊಡತಿ. ಮೂರು ಸುತ್ತಿಗೊಮ್ಮೆ ಅವಳು ಯಾರನ್ನಾದರೂ ಒಬ್ಬರನ್ನು ಹೆಪ್ಪುಗಟ್ಟಿಸಿ ಬಡಿಯುತ್ತಾಳೆ. ನಮ್ಮ ಕೋಣೆಯಲ್ಲಿ ಯಾರೂ ಅವಳನ್ನು ಗೆದ್ದಿರಲಿಲ್ಲ.

"ನಾಲ್ಕು ಉಸಿರು ಕೂಡಿಟ್ಟು ಇನ್ನೇನು ಹೊಡೀಬೇಕು, ಅಷ್ಟರಲ್ಲಿ ನನ್ನ ಕತ್ತಿಯವನನ್ನೇ ಹಿಡೀತಾಳೆ ಮುದುಕಿ," ಇಲ್ಪೊ ಗೊಣಗಿದ. "ನನ್ನ ಮೇಲೇ ಕಣ್ಣು ಅವಳಿಗೆ. ನನ್ನ ಹಣೆಬರಹ."

ಅತ್ತೆ ಇಪ್ಪತ್ತೆರಡು ಸಲ ಸೋತಳು. ಇಪ್ಪತ್ತೆರಡನ್ನೂ ಬರೆದಿಟ್ಟಿದ್ದಳು. ಒಂದು ಮಂಗಳವಾರ ಏಲಕ್ಕಿ ಬನ್ ತಿನ್ನುತ್ತ ಪುಟ ತಿರುಗಿಸುತ್ತಿದ್ದವಳು ತಟ್ಟನೆ ಅಗಿಯುವುದನ್ನು ನಿಲ್ಲಿಸಿದಳು. ಬೆರಳಿಟ್ಟು ಒಂದೊಂದೇ ಸಾಲು ನೋಡಿದಳು. "ಇಲ್ಪೊ, ಇಲ್ಲಿ ಬಾ. ಹಣೆಬರಹ ಅಲ್ಲ ಕಣೋ. ಯಾರ ಹತ್ರ ಉಸಿರು ಜಾಸ್ತಿ ಇದೆಯೋ ಅವರನ್ನ ಹಿಡೀತಾಳೆ ಇವಳು. ಇಪ್ಪತ್ತೆರಡು ಸಲಾನೂ ಹಂಗೇ."

ಇಲ್ಪೊ ಪುಸ್ತಕ ಕಸಿದುಕೊಂಡು ಓದಿದ. ಸಾವೊ ಸೀಮೆಯ ನಾವು ಯಾವುದನ್ನೂ ಸಲೀಸಾಗಿ ಹೌದು ಎನ್ನುವವರಲ್ಲ. ಅವನು ಪುಟಗಳನ್ನು ಹಿಂದೆ ಮುಂದೆ ತಿರುಗಿಸಿ, "ಇದು ತಪ್ಪು ಅಂತ ಹೇಳೋಕೆ ಆಗಲ್ಲ" ಅಂದ.

"ಹಂಗಾದ್ರೆ ಉಸಿರು ಜಾಸ್ತಿ ಯಾರ ಹತ್ರ ಇರಬೇಕು?"

"ಪೆಟ್ಟು ತಡೆಯೋರ ಹತ್ರ."

"ಯಾರು ತಡೀತಾರೆ?"

ಇಲ್ಪೊ ತಲೆ ಕೆರೆದುಕೊಂಡು ಪರದೆಯ ಮೂಲೆಯಲ್ಲಿ ಮೂಟೆ ಹೊತ್ತು ನಿಂತಿದ್ದವಳನ್ನು ನೋಡಿದ.

ಅತ್ತೆ ಅದೇ ದಿನ ಹೋರಾಡಲಿಲ್ಲ. ಮೂರು ವಾರ ಹಿಂದಿನ ಕಣಿವೆಗಳಲ್ಲಿ ಅಲೆದು ಹೊರೆಯಾಳನ್ನು ಇಪ್ಪತ್ತನೆಯ ಲೆವೆಲ್‌ಗೆ ಏರಿಸಿದಳು. ಅವಳ ವಿದ್ಯೆಗಳ ಕೆಳಗೆ ಅಲ್ಲಿಯವರೆಗೆ ಮಸುಕಾಗಿದ್ದ ಮೂರನೆಯದೊಂದು ಬೆಳಗಿತು: 'ಹೊರೆ ಇಳಿಸು.' ಹೊತ್ತ ಪೆಟ್ಟನ್ನೆಲ್ಲ ಒಂದೇ ಸಲಕ್ಕೆ ತಿರುಗಿ ಎಸೆಯುವುದು. ಆರು ಉಸಿರು ಬೇಕು.

"ಇಂಥದ್ದೊಂದು ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ," ಇಲ್ಪೊನ ದನಿ ಸಣ್ಣದಾಗಿತ್ತು.

"ಹೆಂಗೆ ಗೊತ್ತಾಗುತ್ತೆ? ಎರಡನೇ ಕಣಿವೇಲೇ ಬಿಟ್ಟು ಬಂದೆಯಲ್ಲ."

ಮೇ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನವನ್ನು ಗೊತ್ತು ಮಾಡಿದರು. ಕೆರೆಯ ಮಂಜುಗಡ್ಡೆ ಒಡೆದು ನೀರು ಕಾಣತೊಡಗಿತ್ತು. ಇಲ್ಪೊ ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದ್ದ. ಎರಡು ಗಂಟೆಗೆ ಕೋಣೆಯಲ್ಲಿ ನಲವತ್ತು ಜನ. ಅಂಚೆ ಹಂಚುವವಳು, ಬ್ಯಾಂಕಿನವರು, ಅತ್ತೆಯ ಮಂಡಿಗೆ ವ್ಯಾಯಾಮ ಹೇಳಿಕೊಡುವ ಹೆಂಗಸು, ಎಲ್ಲ ಅವಳ ಬಟಾಣಿ ಸಾರಿನ ಮಕ್ಕಳು. ಅತ್ತೆ ಅವರನ್ನು ಕಂಡು ಕೆಂಪಾದಳು. "ನಿಮಗ್ಯಾರಿಗೂ ಕೆಲಸ ಇಲ್ವಾ?" ಎಂದು ಬೆನ್ನು ತಿರುಗಿಸಿ ಕೂತಳು.

ಮೊದಲ ಮೂರು ಸುತ್ತಿನಲ್ಲಿ ಹೊರೆಯಾಳು ಸುಮ್ಮನೆ ನಿಂತು ಉಸಿರು ಕೂಡಿಟ್ಟಳು. ಉಳಿದವರು ಸಿಕ್ಕ ಸಿಕ್ಕ ಉಸಿರನ್ನು ಸಣ್ಣ ಸಣ್ಣ ಪೆಟ್ಟುಗಳಿಗೆ ಖರ್ಚು ಮಾಡಿದರು. ಹಿಮದೊಡತಿ ಕೈಯೆತ್ತಿದಳು, ಪೆಟ್ಟು ನೇರ ಹೊರೆಯಾಳಿನ ಮೇಲೆಯೇ ಬಿತ್ತು. "ನೋಡಿದ್ರಾ!" ಇಲ್ಪೊ ತಾನೇ ಕಂಡುಹಿಡಿದವನಂತೆ ಸುತ್ತ ತಿರುಗಿ ಕೂಗಿದ. ವೈದ್ಯೆ ಅವಳ ಹಿಮ ಕರಗಿಸಿದಳು. ಇನ್ನು ಮೂರು ಸುತ್ತು, ಇನ್ನೊಂದು ಪೆಟ್ಟು. ಈ ಸಲ ಹೊರೆಯಾಳಿನ ಪ್ರಾಣದ ಗೆರೆ ಕೂದಲೆಳೆಯಷ್ಟು ಉಳಿಯಿತು. ವೈದ್ಯೆ ಹಿಮ ಕರಗಿಸಿದಾಗ ಉಸಿರು ಆರು ತುಂಬಿತ್ತು.

"ಎಸಿ ಅತ್ತೆ! ಎಸಿ, ಎಸಿ!"

ಅತ್ತೆ ಎಸೆಯಲಿಲ್ಲ. ಹೊರೆಯಾಳಿನ ಸರದಿಯನ್ನು ವೈದ್ಯೆಗೆ ಬಿಟ್ಟುಕೊಟ್ಟಳು. ಕೋಣೆಯೆಲ್ಲ ಅಯ್ಯೋ ಎಂದಿತು. ವೈದ್ಯೆ ಅವಳನ್ನು ಅರ್ಧ ಚೇತರಿಸಿದಳು. "ಇನ್ನೊಂದು ಪೆಟ್ಟು ಹೊರಬೇಕು ಇವಳು," ಅತ್ತೆ ತನಗೇ ಅನ್ನುವಂತೆ ಹೇಳಿದಳು, "ಇಲ್ಲಾಂದ್ರೆ ಸಾಲಲ್ಲ. ಲೆಕ್ಕ ಹಾಕಿದೀನಿ."

ಮೂರನೆಯ ಪೆಟ್ಟು ಬಿತ್ತು. ಹೊರೆಯಾಳು ಮಂಡಿಯೂರಿದಳು, ಬೀಳಲಿಲ್ಲ. ವೈದ್ಯೆ ಮತ್ತೆ ಹಿಮ ಕರಗಿಸಿದಳು. ಅತ್ತೆ ಮೂಗಿನ ಮೇಲೆ ಜಾರಿದ ಕನ್ನಡಕ ಸರಿಪಡಿಸಿಕೊಂಡು, ಸಮಾಧಾನವಾಗಿ, ಬಟನ್ ಒತ್ತಿದಳು.

ಮೂಟೆ ಬೆನ್ನಿನಿಂದ ಇಳಿಯಿತು. ಪರದೆಯೆಲ್ಲ ಬೆಳ್ಳಗಾಯಿತು. ಆಮೇಲೆ ಹಿಮದೊಡತಿ ಸೀಳುಸೀಳಾಗಿ ಒಡೆದು ನೀರಾಗಿ ಹರಿದಳು, ಒಂಬತ್ತು ಕಣಿವೆಗಳ ಗಂಟೆಗಳೂ ಒಟ್ಟಿಗೇ ಮೊಳಗತೊಡಗಿದವು.

ಗ್ರಂಥಾಲಯದಲ್ಲಿ ಅಂಥ ಗದ್ದಲವನ್ನು ನಾನು ಕೇಳಿರಲಿಲ್ಲ, ಹತ್ತೊಂಬತ್ತು ವರ್ಷದ ನೌಕರಿಯಲ್ಲಿ. ಸುಮ್ಮನಿರಿ ಎನ್ನಬೇಕಾದ ನಾನೇ ಕುರ್ಚಿ ಹತ್ತಿ ಕಿರುಚುತ್ತಿದ್ದೆ. ಇಲ್ಪೊ ಅತ್ತೆಯನ್ನು ಕುರ್ಚಿಯ ಸಮೇತ ಎತ್ತಿದ. "ಮಂಡಿ! ನನ್ನ ಮಂಡಿ ಕಣೋ, ಕತ್ತೆ!" ಎಂದು ಅವಳು ಅವನ ತಲೆಗೆ ನೋಟ್‌ಪುಸ್ತಕದಿಂದ ಬಡಿಯುತ್ತಿದ್ದಳು, ಬಡಿಯುತ್ತ ನಗುತ್ತಿದ್ದಳು.

ಆಮೇಲಿನದು ಹೆಚ್ಚಿಲ್ಲ. ಇಲ್ಪೊ ತನ್ನ ಆಟವನ್ನು ಮೊದಲಿನಿಂದ ಶುರು ಮಾಡಿದ, ಹೊರೆಯಾಳನ್ನು ಇಟ್ಟುಕೊಂಡೇ. ವ್ಯಾಯಾಮ ಮುಗಿದು ತಿಂಗಳಾದರೂ ಅತ್ತೆ ಮಂಗಳವಾರ ಬರುವುದನ್ನು ಬಿಡಲಿಲ್ಲ. ಈಗ ಅವಳ ಸುತ್ತ ಏಳೆಂಟು ಮಂದಿ ಕೂತು ಕಲಿಯುತ್ತಾರೆ. ಎಲೆ ಎಲ್ಲಿ ಹಾಕಲಿ ಎಂದು ಕೇಳಿದರೆ ಹೇಳುವುದಿಲ್ಲ. "ಒಂದು ಸಲ ಸೋತು ಬಾ, ಆಮೇಲೆ ಮಾತಾಡೋಣ" ಅನ್ನುತ್ತಾಳೆ.

ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿರುವ ಅವಳ ತಂಗಿ ವಿಯೆನೊಗೂ ಈ ಹುಚ್ಚು ಹತ್ತಿದೆ. ಇಬ್ಬರೂ ಒಟ್ಟಿಗೆ ಆಡಬಹುದಾದ ಹೊಸ ಆಟವೊಂದನ್ನು ಹಾಕಿಕೊಂಡು, ಭಾನುವಾರ ಬೆಳಿಗ್ಗೆ ಕಾಫಿಯಾದ ಮೇಲೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಾರಂತೆ. ಅದರಲ್ಲೂ ಪೆಟ್ಟು ಹೊರುವ ಪಾತ್ರ ಅತ್ತೆಯದೇ. ಹೋದ ವಾರ ನಾನು ಏನೋ ಕೊಡಲು ಅವಳ ಮನೆಗೆ ಹೋದಾಗ ಬಾಗಿಲು ತೆರೆದೇ ಇತ್ತು. ಅತ್ತೆ ನನ್ನತ್ತ ಕೈ ಬೀಸಿ ಕೂರು ಎಂದು ಸನ್ನೆ ಮಾಡಿ, ಪರದೆಯಿಂದ ಕಣ್ಣು ತೆಗೆಯದೆ ತಂಗಿಯನ್ನು ಬೈಯುತ್ತಿದ್ದಳು: "ವಿಯೆನೊ, ಮುಂದೆ ಓಡಬೇಡ ಕಣೇ! ಎಷ್ಟು ಸಲ ಹೇಳೋದು ನಿಂಗೆ, ನನ್ನ ಹಿಂದೆ ನಿಂತ್ಕೋ!"